ಮಗಳ ಸಿಡುಕಿಗೆ ನಾನು ಬಾಯಿ ಮುಚ್ಚಿಕೊಂಡ ಕಥೆ

"ಏನೂ ಕೇಳದೆ ಬಿಟ್ರೆ ತಲೆ ಮೇಲೆ ಹತ್ತಿ ಕೂರ್ತಾಳೆ ನೋಡ್ತಿರು" ಅಂತ ಮೊದಲು ಹೇಳಿದ್ದು ನಮ್ಮಕ್ಕ. ಅತ್ತೆಯೂ ಅದನ್ನೇ ಹೇಳಿದರು, ರಾಗ ಬೇರೆ ಅಷ್ಟೇ. ನನ್ನ ಗಂಡ ಏನೂ ಹೇಳದೆ ನಕ್ಕರು, ಅದು ಇನ್ನೂ ಉರಿಯಿತು. ಇದೆಲ್ಲ ಆಗಿ ಒಂದು ವರ್ಷದ ಮೇಲಾಯಿತು. ಹೋದ ವಾರ ಅದೇ ಅಕ್ಕ ಫೋನ್ ಮಾಡಿ, "ನಿನ್ ಮಗಳಿಗೆ ಅದೇನೋ ಮಾಡಿದ್ಯಲ್ಲ, ಸರಿಯಾಗಿ ಹೇಳೇ, ನಮ್ಮೋನು ಬಾಗಿಲು ಮುರಿಯೋದೊಂದು ಬಾಕಿ" ಅಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮನೆಯಲ್ಲಿ 10-12ರ ಮಕ್ಕಳಿರುವವರಿಗೆ ಲಕ್ಷಣ ವಿವರಿಸಬೇಕಿಲ್ಲ. "ಏನಿಲ್ಲ", "ಬಿಡಮ್ಮಾ", "ನಿಂಗರ್ಥ ಆಗಲ್ಲ", ಆಮೇಲೆ ಬಾಗಿಲು ಧಡಾರ್. ಹಾರ್ಮೋನು ಅಂತಾರೆ, ಇರಬಹುದು. ಹೆಣ್ಣುಮಕ್ಕಳಿಗೆ 8ರಿಂದ 13ರ ಒಳಗೆ, ಗಂಡುಮಕ್ಕಳಿಗೆ ಸುಮಾರು 9ರಿಂದ 14ರ ಒಳಗೆ ಮೈ ಬದಲಾಗೋಕೆ ಶುರುವಾಗುತ್ತೆ ಅಂತ ಮಕ್ಕಳ ಡಾಕ್ಟರೂ ಹೇಳಿದ್ದರು. ಆದರೆ ಹಾರ್ಮೋನು ಅಂತ ಗೊತ್ತಾದ ಮಾತ್ರಕ್ಕೆ, ಮಗಳು ಬ್ಯಾಗ್ ಎಸೆದಾಗ ನಾನೇನು ಮಾಡಬೇಕು ಅಂತ ಗೊತ್ತಾಗಲ್ಲವಲ್ಲ.

ಮೊದಲು ಸೋತಿದ್ದನ್ನು ಹೇಳಿಬಿಡುತ್ತೇನೆ. ಗೋಡೆಗೆ ಸ್ಟಾರ್ ಚಾರ್ಟ್ ಅಂಟಿಸಿದೆ, ಸಿಡುಕದ ದಿನಕ್ಕೊಂದು ಸ್ಟಾರ್. ಅವಳಿಗೆ 6 ವರ್ಷ ಇದ್ದಾಗ ಇದು ಚೆನ್ನಾಗಿ ನಡೆದಿತ್ತು. 11ರಲ್ಲಿ ಮೂರೇ ದಿನಕ್ಕೆ ಸ್ಟಾರುಗಳೆಲ್ಲ ಅವಳ ತಮ್ಮನ ಹಣೆ ಮೇಲಿದ್ದವು.

ಆಮೇಲೆ ದುಡ್ಡು ಕೊಟ್ಟು ಒಂದು ಆನ್‌ಲೈನ್ ಕೋರ್ಸ್ ಸೇರಿದೆ. ಯಾರದು ಅಂತ ಬರೆಯಲ್ಲ. ಫೀಸು ನಮ್ಮನೆ ಒಂದು ತಿಂಗಳ ದಿನಸಿ ಖರ್ಚಿನಷ್ಟು. ಹತ್ತೋ ಹನ್ನೆರಡೋ ವಿಡಿಯೋ, ನಾನು ನೋಡಿದ್ದು ನಾಲ್ಕು. ಮಗು ಕೂಗಾಡುವಾಗ "ನಿನ್ನ ಭಾವನೆಯನ್ನು ನಾನು ಗೌರವಿಸುತ್ತೇನೆ" ಅಂತ ಶಾಂತವಾಗಿ ಹೇಳಬೇಕಂತೆ. ಹೇಳಿದೆ. ಮಗಳು ಕೂಗೋದು ನಿಲ್ಲಿಸಿ ನನ್ನ ಮುಖ ನೋಡಿದಳು. "ಯಾಕಮ್ಮಾ ಹೀಗ್ ಮಾತಾಡ್ತಿದೀಯ, ಹುಷಾರಿಲ್ವಾ?" ದುಡ್ಡು ವಾಪಸ್ ಕೇಳಿದರೆ, ಮೊದಲ ವಾರ ದಾಟಿದ ಮೇಲೆ ಕೊಡಲ್ಲ ಅಂದರು.

ಅಷ್ಟಕ್ಕೇ ಬುದ್ಧಿ ಬರಲಿಲ್ಲ. ಸಿಟ್ಟೆಲ್ಲ ಹೊರಗೆ ಹೋಗಲಿ ಅಂತ ಗುದ್ದೋ ಚೀಲ, ಅದೇ ಪಂಚಿಂಗ್ ಬ್ಯಾಗ್, ತಂದು ಅವಳ ರೂಮಲ್ಲಿ ನೇತುಹಾಕಿಸಿದೆ. ಗುದ್ದಿದಷ್ಟೂ ಅವಳ ಸಿಟ್ಟು ಏರುತ್ತಿತ್ತು, ಇಳಿದಿದ್ದು ನಾನು ಕಾಣೆ. ಎರಡನೇ ವಾರ ಕೊಕ್ಕೆ ಗಾರೆ ಸಮೇತ ಕಿತ್ತು ಬಂತು. ಅದನ್ನು ಮುಚ್ಚಲು ಬಂದವನಿಗೆ ಕೊಟ್ಟಿದ್ದು ಚೀಲಕ್ಕಿಂತ ಜಾಸ್ತಿ. ಟ್ಯಾಬ್ ಕಿತ್ತು ಬೀರುವಿನಲ್ಲಿಟ್ಟ ಕಥೆ ಬರೆಯೋದೇ ಬೇಡ, ನೀವೂ ಮಾಡಿರುತ್ತೀರಿ.

ದಾರಿ ಸಿಕ್ಕಿದ್ದು ಜಗಳದಿಂದ. "ಅವಳು ಅಷ್ಟೇನೂ ಎದುರುತ್ತರ ಕೊಡಲ್ಲಪ್ಪ, ನೀನೇ ಜಾಸ್ತಿ ಹೇಳ್ತೀಯ" ಅಂದರು ನನ್ನ ಗಂಡ. ಸರಿ, ಲೆಕ್ಕ ಇಟ್ಟೇ ತೋರಿಸ್ತೀನಿ ಅಂತ ಅಡುಗೆಮನೆ ಕಪಾಟಿನ ಬಾಗಿಲ ಒಳಗಡೆ ಒಂದು ಹಳೇ ಕ್ಯಾಲೆಂಡರ್ ಅಂಟಿಸಿದೆ. ಪ್ರತಿ ಸಲ ಸಿಡಿದಾಗ ಎರಡೇ ಸಂಗತಿ ಬರೆಯೋದು: ಗಂಟೆ ಎಷ್ಟು, ಸಿಡಿಯುವ ಮೊದಲು ಯಾರು ಏನಂದರು.

ಐದು ವಾರಕ್ಕೆ ಸುಮಾರು 60 ಗೆರೆ ಬಿದ್ದವು. ಗಂಡನಿಗೆ ತೋರಿಸೋಣ ಅಂತ ಎಣಿಸಲು ಕೂತೆ, ಎಣಿಸಿದವಳು ತೋರಿಸಲಿಲ್ಲ. 60ರಲ್ಲಿ 40ಕ್ಕೂ ಹೆಚ್ಚು ಬಿದ್ದಿದ್ದು ಎರಡೇ ಹೊತ್ತಿನಲ್ಲಿ. ಸ್ಕೂಲಿಂದ ಬಂದ ಮೊದಲ ಮುಕ್ಕಾಲು ಗಂಟೆ ಒಂದು, ಮಲಗುವ ಮುಂಚಿನ ಅರ್ಧ ಗಂಟೆ ಇನ್ನೊಂದು. ಸಿಡಿಯುವ ಮೊದಲಿನ ಮಾತು ಬಹುಪಾಲು ನನ್ನದೇ, ಅದೂ ಪ್ರಶ್ನೆಯೇ. "ಹೋಂವರ್ಕ್ ಎಷ್ಟಿದೆ?" ಹದಿನಾಲ್ಕು ಸಲವೋ ಏನೋ ಇತ್ತು. "ಟೆಸ್ಟಲ್ಲಿ ಎಷ್ಟು ಬಂತು?" ಅದರ ಹಿಂದೆ. "ಯಾಕೆ ಮುಖ ಹಾಗಿದೆ?" ಅನ್ನೋದು ಎಲ್ಲಕ್ಕಿಂತ ಕೆಟ್ಟದ್ದು, ಸರಿಯಿದ್ದ ಮುಖವೂ ಕೆಡುತ್ತೆ.

ಅವತ್ತೇ ತೀರ್ಮಾನ ಮಾಡಿದೆ: ಬಂದ ಮೇಲೆ 40 ನಿಮಿಷ ಒಂದೂ ಪ್ರಶ್ನೆ ಇಲ್ಲ. ಅಕ್ಕ, ಅತ್ತೆ ತಲೆ ಚಚ್ಚಿಕೊಂಡಿದ್ದು ಇದಕ್ಕೇ.

ಹೇಳಿದಷ್ಟು ಸುಲಭ ಅಲ್ಲ. ಮೊದಲ ದಿನ ಬಂದಳು. ಬ್ಯಾಗು ಚಪ್ಪಲಿ ಸ್ಟ್ಯಾಂಡಿನ ಮೇಲೆ, ಒಂದು ಶೂ ಬೋರಲು ಬಿದ್ದಿತ್ತು, ಇನ್ನೊಂದು ಎಲ್ಲಿ ಹೋಯಿತೋ ಕಾಣಲಿಲ್ಲ. ನಾಲಿಗೆ ತುದಿಗೆ ಬಂದಿದ್ದನ್ನು ನುಂಗಿ, ತಿನ್ನೋ ತಟ್ಟೆ ಮೇಜಿನ ಮೇಲಿಟ್ಟು, ಸಿಂಕಿನ ಕಡೆ ತಿರುಗಿ ಒಂದೇ ಲೋಟವನ್ನು ಮೂರು ಸಲ ತೊಳೆದೆ. ಅವಳು ನಿಂತುಕೊಂಡೇ ತಿಂದಳು. ಇಪ್ಪತ್ತೈದನೇ ನಿಮಿಷಕ್ಕೋ ಏನೋ, ಬೆನ್ನ ಹಿಂದಿನಿಂದ ಮಾತು ಬಂತು: "ಇವತ್ತು ಲೈನಲ್ಲಿ ಯಾರೂ ನನ್ ಪಕ್ಕ ನಿಲ್ಲಲಿಲ್ಲ." ತಕ್ಷಣ ತಿರುಗಿದೆ. "ಯಾರು? ಯಾಕೆ? ನೀನೇನಂದೆ?" ಒಂದೇ ಉಸಿರಿಗೆ ಮೂರು ಪ್ರಶ್ನೆ. "ಏನಿಲ್ಲ ಬಿಡು." ಬಾಗಿಲು ಧಡಾರ್.

ಆ ಸಾಲನ್ನು ಹೇಳೋಕೆ ಅವಳಿಗೆ ಅಷ್ಟು ಹೊತ್ತು ಬೇಕಾಗಿತ್ತು, ಹಾಳು ಮಾಡೋಕೆ ನನಗೆ ಎರಡು ಸೆಕೆಂಡು ಸಾಕಾಯಿತು. ಅವತ್ತಿಂದ ಇನ್ನೊಂದು ನಿಯಮ ಸೇರಿತು: ಅವಳಾಗೇ ಮಾತು ಎತ್ತಿದರೂ ತಿರುಗಬಾರದು. ಕೈಯಲ್ಲಿರೋ ಕೆಲಸ ಮಾಡುತ್ತಾ "ಹೂಂ" ಅನ್ನಬೇಕು, ಅಷ್ಟೇ. ಪಕ್ಕಪಕ್ಕ ಬಟ್ಟೆ ಮಡಚುವಾಗ, ನಡೆಯುವಾಗ, ಗಾಡಿಯಲ್ಲಿ ಹೋಗುವಾಗ ಈ ವಯಸ್ಸಿನವು ಮಾತಾಡುವಷ್ಟು ಎದುರಿಗೆ ಕೂರಿಸಿಕೊಂಡರೆ ಮಾತಾಡಲ್ಲ. ನಮ್ಮನೇಲಿ ಈಗ ಬಟ್ಟೆ ಮಡಚದೆ ಬಿದ್ದಿದ್ದರೆ ನಾನು ಬೇಕಂತಲೇ ಬಿಟ್ಟಿರುತ್ತೇನೆ.

ನಾಲ್ಕನೇ ದಿನ ಇನ್ನೊಂದು ಎಡವಟ್ಟು. "ಅಮ್ಮಾ, ನನ್ ಮೇಲೆ ಕೋಪನಾ?" ಅಂದಳು, ಕಣ್ಣಲ್ಲಿ ನೀರು. ನಾನು ಏನೂ ಕೇಳದಿರೋದು ಅವಳಿಗೆ ಶಿಕ್ಷೆಯಾಗಿ ಕಂಡಿತ್ತು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ಸುಮ್ಮನಿರೋದಕ್ಕೂ ಮುನಿಸಿಕೊಳ್ಳೋದಕ್ಕೂ ನಮಗೆ ವ್ಯತ್ಯಾಸ ಗೊತ್ತು, ಮಕ್ಕಳಿಗೆ ಎರಡೂ ಒಂದೇ ಥರ ಕಾಣುತ್ತೆ. ಅವಳಿಗೆ ಬಾಯಿಬಿಟ್ಟು ಹೇಳಿದೆ: "ನೀನು ಬಂದ್ಮೇಲೆ ಸ್ವಲ್ಪ ಹೊತ್ತು ನಾನೇನೂ ಕೇಳಲ್ಲ ಪುಟ್ಟಿ. ಕೋಪಕ್ಕಲ್ಲ, ನಿಂಗೆ ಸುಸ್ತಾಗಿರುತ್ತೆ ಅಂತ. ನೀನಾಗೇ ಹೇಳಿದ್ರೆ ಕೇಳಿಸ್ಕೋತೀನಿ." ಬಂದ ತಕ್ಷಣ ಒಂದು ಸಲ ತಲೆ ಸವರೋದು, ಆಮೇಲೆ ಸುಮ್ಮನಿರೋದು. ಈ ತಲೆ ಸವರೋದು ಬಿಟ್ಟರೆ ಉಳಿದದ್ದೆಲ್ಲ ಕೆಡುತ್ತೆ. ಬೇಡ ಅಂತ ಕೈ ತಳ್ಳಿದರೆ ಬಿಟ್ಟುಬಿಡಿ, ನಾಳೆ ಮತ್ತೆ ಸವರಿ.

ಮೊದಲ ಮೂರು ವಾರ ಕ್ಯಾಲೆಂಡರಿನಲ್ಲಿ ಗೆರೆ ಕಮ್ಮಿಯಾಗಲೇ ಇಲ್ಲ, ಒಂದು ವಾರವಂತೂ ಜಾಸ್ತಿಯೇ ಆಯಿತು. ನಾನು ನಿಜವಾಗಿ ಸುಮ್ಮನಿರುತ್ತೀನಾ ಅಂತ ಪರೀಕ್ಷೆ ಮಾಡುತ್ತಿದ್ದಳು ಅಂತ ಈಗ ಅನಿಸುತ್ತೆ. ಹೆಚ್ಚಿನವರು ಕೈಬಿಡೋದು ಇಲ್ಲೇ. ಸುಮ್ಮನಿರೋದು ಅಂದರೆ ಎಲ್ಲಕ್ಕೂ ಸುಮ್ಮನಿರೋದಲ್ಲ, ಅದನ್ನೂ ಹೇಳಿಬಿಡುತ್ತೇನೆ. ತಮ್ಮನಿಗೆ ಹೊಡೆದರೆ, ಕೆಟ್ಟ ಮಾತು ಆಡಿದರೆ ಆಗಲೇ ಒಂದು ಸಾಲು: "ಹೊಡೆಯೋ ಹಾಗಿಲ್ಲ." ಭಾಷಣ ಇಲ್ಲ. ಹೋಂವರ್ಕ್ ವಿಚಾರಣೆ 40 ನಿಮಿಷ ಆದ ಮೇಲೆ.

ರಾತ್ರಿ ಹೊತ್ತಿನ ಸಿಡುಕಿಗೆ ಕಾರಣ ನಿದ್ದೆ. 6ರಿಂದ 12ರ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ನಮ್ಮವಳದು ಎಣಿಸಿದರೆ ಏಳೂಮುಕ್ಕಾಲು. ಮೈ ಬೆಳೆಯೋಕೆ ಶುರುವಾದರೆ ನಿದ್ದೆ ಬರೋ ಹೊತ್ತೇ ಮುಂದಕ್ಕೆ ಹೋಗುತ್ತೆ, ಸ್ಕೂಲ್ ಗಂಟೆ ಮಾತ್ರ ಮುಂದಕ್ಕೆ ಹೋಗಲ್ಲ. ಏಕ್‌ದಂ 9ಕ್ಕೆ ದೀಪ ಆರಿಸಿದೆ, ಹತ್ತೂವರೆವರೆಗೆ ಹಾಸಿಗೆಯಲ್ಲಿ ಹೊರಳಾಡಿ ಅತ್ತಳು. ಆಮೇಲೆ ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದೆ ತಂದೆ. ತಿಂಗಳಿಗೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಸಿಕ್ಕಿತು. ಮಲಗುವ ಒಂದು ಗಂಟೆ ಮೊದಲು ಎಲ್ಲರ ಫೋನು, ಟ್ಯಾಬು ಡ್ರಾಯರಿಗೆ. ಎಲ್ಲರದ್ದೂ. ಮಗಳು ಒಪ್ಪಿದಳು, ಅವಳಪ್ಪ ಒಪ್ಪೋಕೆ ಎರಡು ವಾರ ಬೇಕಾಯಿತು.

ನಡುವೆ ಹಳದಿ ಬಲ್ಬಿನ ಹುಚ್ಚೂ ಹತ್ತಿತ್ತು. ಮಂದ ಬೆಳಕಿದ್ದರೆ ನಿದ್ದೆ ಬೇಗ ಬರುತ್ತೆ ಅಂತ ಮನೆಯ ಬಲ್ಬೆಲ್ಲ ಬದಲಾಯಿಸಿದೆ. ಅತ್ತೆ ಸ್ಟೂಲ್ ಎಡವಿದರು, ನಾನು ಬೈಸಿಕೊಂಡೆ. ಈಗ ಮಗಳ ರೂಮಲ್ಲಿ ಎರಡು ಉಳಿದಿವೆ. ಕೆಲಸ ಮಾಡಿದ್ದು ಬಲ್ಬೋ ಡ್ರಾಯರೋ ಬೇರ್ಪಡಿಸಿ ಹೇಳಲಾರೆ. ಇನ್ನೊಂದು ಪ್ರಯೋಗ, ಇಬ್ಬರ ನಡುವೆ ಒಂದು ನೋಟ್‌ಬುಕ್: ಹೇಳಲಾಗದ್ದನ್ನು ಬರೆದು ದಿಂಬಿನ ಮೇಲಿಡೋದು. ಮೊದಲ ವಾರ ಮೂರು ಪುಟ ಬರೆದಳು, ಆಮೇಲೆ ಒಂದಕ್ಷರವೂ ಇಲ್ಲ. ಈಗ ಅದರಲ್ಲಿ ಅವಳ ತಮ್ಮ ರಾಕ್ಷಸರ ಚಿತ್ರ ಬರೆಯುತ್ತಾನೆ. ಅದೇ 40 ನಿಮಿಷವನ್ನು 20ಕ್ಕಿಳಿಸಿ ಆಫೀಸಿಂದ ಬರೋ ಗಂಡನಿಗೂ ಹಾಕಿ ನೋಡಿದೆ. ಮೊದಲು ನಕ್ಕವರು ಅವರೇ ತಾನೇ? ಎಷ್ಟು ಚೆನ್ನಾಗಿ ನಡೆಯಿತು ಅಂದರೆ ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಜಂಬ ಕೊಚ್ಚಿಕೊಳ್ಳುವಾಗ ಒಂದನ್ನು ಮುಚ್ಚಿಡಬಾರದು. ನಾಲ್ಕನೇ ತಿಂಗಳಲ್ಲಿ ಗೆರೆಗಳು ಕಮ್ಮಿಯಾಗಿದ್ದವು, ನಾನು ಬೀಗುತ್ತಿದ್ದೆ. ಅದೇ ಹೊತ್ತಿಗೆ ಅವಳು ಸಿಡುಕೋದೂ ಬಿಟ್ಟು ಮಂಕಾಗಿದ್ದಳು, ಇಷ್ಟದ ಸೈಕಲ್ ಮುಟ್ಟಿ ಹತ್ತು ದಿನ ಆಗಿತ್ತು. ಡಾಕ್ಟರ ಹತ್ತಿರ ಹೋದೆವು. ರಕ್ತ ಪರೀಕ್ಷೆಯಲ್ಲಿ ಕಬ್ಬಿಣದ ಅಂಶ ಕಮ್ಮಿ ಬಂತು, ಔಷಧಿ ಕೊಟ್ಟರು, ಒಂದೆರಡು ತಿಂಗಳಲ್ಲಿ ಚುರುಕಾದಳು. ಹಿಂದಿನ ಸಿಡುಕಿನಲ್ಲಿ ಎಷ್ಟು ಪಾಲು ಸುಸ್ತೋ ಯಾರಿಗೆ ಗೊತ್ತು! ಎರಡು ವಾರ ಬಿಡದೆ ಮಂಕಾಗಿದ್ದರೆ, ಊಟ, ನಿದ್ದೆ, ಗೆಳೆಯರು ಎಲ್ಲ ಬಿಟ್ಟರೆ ನನ್ನ ಕ್ಯಾಲೆಂಡರ್ ನಂಬಿ ಕೂರಬೇಡಿ. ಬದುಕೋದೇ ಬೇಡ ಅನ್ನೋ ಥರದ ಮಾತು ಬಂದರೆ ಅವತ್ತೇ ಕರೆದುಕೊಂಡು ಹೋಗಿ. ಹಾಗೆಯೇ ಮುಟ್ಟು ಶುರುವಾದ ಮೇಲೆ ಸಿಡುಕನ್ನು ತಿಂಗಳ ಲೆಕ್ಕಕ್ಕೆ ಹೊಂದಿಸೋಕೆ ಹೋಗಬೇಡಿ, ಮೊದಲ ಒಂದೆರಡು ವರ್ಷ ಅದರ ದಿನವೇ ನೆಟ್ಟಗಿರಲ್ಲ. ನಾನು ಹೋಗಿ ಪೆಚ್ಚಾದೆ.

ವಾರಕ್ಕೆ ಹನ್ನೆರಡರ ಹತ್ತಿರ ಇದ್ದ ಗೆರೆ ಈಗ ಎರಡು ಮೂರು, ಪರೀಕ್ಷೆ ವಾರ ಐದು. ಸೋತ ಪ್ರಯೋಗಗಳಿಗೆ ಸುರಿದಿದ್ದು ಹೆಚ್ಚೂಕಮ್ಮಿ ಮಗಳ ಮೂರು ತಿಂಗಳ ಸ್ಕೂಲ್ ಫೀಸು. ಗೆದ್ದಿದ್ದಕ್ಕೆ ಎರಡು ಬಲ್ಬು, ಒಂದು ಪೆನ್ಸಿಲ್ಲು.

ಬಾಗಿಲು ಧಡಾರ್ ಅಂದ ಮೇಲೆ ಹೊರಗೆ ನಿಂತು ನಾನು ಹೇಳೋ ಒಂದು ಸಾಲಿದೆ. ಹತ್ತಕ್ಕೆ ಎಂಟು ಸಲ ಐದು ನಿಮಿಷದಲ್ಲಿ ಬಾಗಿಲು ತೆರೆಯುತ್ತೆ. ಅದನ್ನು ಇಲ್ಲಿ ಬರೆಯಲ್ಲ, ಅಕ್ಕನಿಗೂ ಹೇಳಿಲ್ಲ. ಅವಳಿಗೆ ಹೇಳಿದರೆ ಅವಳ ಮಗನಿಗೆ, ಅವನಿಂದ ನನ್ನ ಮಗಳಿಗೆ ಹೋಗುತ್ತೆ. ಆಮೇಲೆ ಅದು ನಡೆಯಲ್ಲ.

ಮೊನ್ನೆ ಕಪಾಟಿನ ಒಳಗಿನ ಕ್ಯಾಲೆಂಡರ್ ಅವಳ ಕಣ್ಣಿಗೆ ಬಿತ್ತು. ಸಿಡಿದು ಬೀಳ್ತಾಳೆ ಅಂತ ಕಾದೆ, ಏನೂ ಆಗಲಿಲ್ಲ. ರಾತ್ರಿ ತೆಗೆದು ನೋಡಿದರೆ ಅವತ್ತಿನ ಚೌಕದಲ್ಲಿ ಅವಳ ಅಕ್ಷರ: "ಸಂಜೆ 6.10. ಅಮ್ಮ. ತಮ್ಮ ಏನೂ ಅಂದಿರಲಿಲ್ಲ."