ಬೆಟ್ಟದಲ್ಲೇ ಕತ್ತಿ ಮಸೆಯೋದು: ನನ್ನ ಅನುಭವ

ನನ್ನ ಹತ್ತಿರ ಇರುವುದು ಅರ್ಧ ಮಸೆಕಲ್ಲು. ಇನ್ನರ್ಧ ಮನೆಯಲ್ಲಿದೆ, ಕಾಲಲ್ಲಿ ಮೆಟ್ಟಿ ಹೆಚ್ಚುವ ಮೆಟ್ಟುಗತ್ತಿಗೆ. ಪೇಟೆಯಲ್ಲಿ ಸಿಗುವ ಕಾರ್ಬೊರಂಡಮ್ ಕಲ್ಲು ನೋಡಿರ್ತೀರಿ, ಒಂದು ಬದಿ ಒರಟು, ಇನ್ನೊಂದು ಬದಿ ನಯ, 8 ಇಂಚು ಉದ್ದ, 2 ಇಂಚು ಅಗಲ. ತೂಕ ಅರ್ಧ ಕಿಲೋ ಮೇಲೆ. ಅದನ್ನು ಚೀಲಕ್ಕೆ ಹಾಕಿಕೊಂಡು, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟಕ್ಕೆ ಹೊರಟಿದ್ದೆ. ಸಂಕ (ಕಾಲುಸೇತುವೆ) ದಾಟುವಾಗ ಚೀಲ ಜಾರಿ ಬಂಡೆ ಮೇಲೆ ಬಿತ್ತು, ಕಲ್ಲು ಎರಡು ತುಂಡಾಯಿತು. ದುಡ್ಡು ಕೊಟ್ಟು ತಂದು ವಾರ ಆಗಿರಲಿಲ್ಲ. ಆದರೆ ಬೆಟ್ಟದ ಕೆಲಸಕ್ಕೆ ಬೇಕಾಗಿದ್ದೇ ಆ ತುಂಡು ಅಂತ ಅವತ್ತು ಸಂಜೆಯೊಳಗೆ ಗೊತ್ತಾಯಿತು.

ನಮ್ಮದು ಶಿರಸಿ ಕಡೆ ಅಡಿಕೆ ತೋಟ. ವರ್ಷದಲ್ಲಿ ಕೆಲವು ತಿಂಗಳು ಕತ್ತಿ ಸೊಂಟದ ಕೊಕ್ಕೆ ಬಿಟ್ಟು ಇಳಿಯೋದೇ ಇಲ್ಲ. ಸೊಪ್ಪು ಕಡಿಯೋದು, ಬೇಲಿ ಕಟ್ಟೋದು, ಲಂಟಾನ ಸವರೋದು, ಕಾಲುದಾರಿ ಬಿಡಿಸೋದು. ನನ್ನ ಕತ್ತಿ ಆಚಾರರು ಲಾರಿಯ ಕಮಾನು ಪಟ್ಟಿಯಿಂದ ಬಡಿದು ಕೊಟ್ಟಿದ್ದು. ಆ ಉಕ್ಕಿನಲ್ಲಿ ಇಂಗಾಲ ಹೆಚ್ಚುಕಡಿಮೆ ಶೇಕಡಾ 0.6 ಇರುತ್ತದೆ. ಕಾಯಿಸಿ ತಣಿಸಿದ ಹದ ಸರಿಯಾಗಿ ಬಿದ್ದರೆ ಮುರಿಯೋದಿಲ್ಲ, ಹರಿತವೂ ನಿಲ್ಲುತ್ತದೆ, ಆದರೆ ಅರಕ್ಕೆ (ಲೋಹ ಉಜ್ಜುವ ಫೈಲಿಗೆ) ಬಗ್ಗುವಷ್ಟು ಮೆತ್ತಗಿರುತ್ತದೆ. ಕಾಡಿನ ಕೆಲಸಕ್ಕೆ ನನಗೆ ಇದೇ ಸರಿ. ತುಂಬಾ ಗಟ್ಟಿ ಅಲಗು ಒಂದು ಸಲ ಕಲ್ಲಿಗೆ ತಾಗಿದರೆ ಚಕ್ಕೆ ಏಳುತ್ತದೆ, ಅದನ್ನು ಬೆಟ್ಟದಲ್ಲಿ ಕೂತು ಸರಿ ಮಾಡುವುದಕ್ಕೆ ಆಗೋದಿಲ್ಲ.

ಮೊದಲು ನಾನು ಮಾಡುತ್ತಿದ್ದ ತಪ್ಪು ಹೇಳುತ್ತೇನೆ. ಕತ್ತಿ ಪೂರ್ತಿ ಮೊಂಡಾಗುವ ತನಕ ಸುಮ್ನೆ ಬಡಿಯುತ್ತಿದ್ದೆ. ಆಮೇಲೆ ಭಾನುವಾರ ಒಂದು ಗಂಟೆ ಕೂತು ಮಸೆಯುವುದು. ಒಂದು ವರ್ಷ ಅದಕ್ಕೂ ಸೋಮಾರಿತನ ಬಂದು ಪೇಟೆಯಲ್ಲಿ ಗ್ರೈಂಡರ್ ಇಟ್ಟುಕೊಂಡವರೊಬ್ಬರಿಗೆ ಕೊಟ್ಟೆ. ಎರಡು ನಿಮಿಷ ಕಿಡಿ ಹಾರಿಸಿ ಫಳಫಳ ಮಾಡಿ ಕೊಟ್ಟರು. ಮನೆಗೆ ಬಂದು ನೋಡಿದರೆ ಮೂತಿಯ ಹತ್ತಿರ ಎರಡು ಇಂಚು ಅಲಗು ನೀಲಿ ಬಣ್ಣಕ್ಕೆ ತಿರುಗಿದೆ. ನೀಲಿ ಬಂತು ಅಂದರೆ ಉಕ್ಕು 300 ಡಿಗ್ರಿ ಆಸುಪಾಸು ಬಿಸಿಯಾಗಿದೆ, ಅಲ್ಲಿಯ ಹದ ಇಳಿದಿದೆ ಅಂತ ಅರ್ಥ. ಆ ಎರಡು ಇಂಚು ಆಮೇಲೆ ಎಷ್ಟು ಮಸೆದರೂ ಅರ್ಧ ದಿನ ನಿಲ್ಲುತ್ತಿರಲಿಲ್ಲ, ಆ ಭಾಗ ಪೂರ್ತಿ ಸವೆದು ಒಳಗಿನ ಒಳ್ಳೆ ಉಕ್ಕು ಬರುವುದಕ್ಕೆ ಎರಡು ಮಳೆಗಾಲ ಹಿಡಿಯಿತು. ಕೈಯಲ್ಲಿ ಕಲ್ಲಿಗೆ ಎಷ್ಟೇ ತಿಕ್ಕಿದರೂ ಅಷ್ಟು ಬಿಸಿ ಏಳೋದಿಲ್ಲ, ನೋಡಿ.

ಕಲ್ಲು ಒಡೆದ ದಿನ ಜೊತೆಗೆ ದೊಡ್ಡಪ್ಪ ಇದ್ದರು. ನಾನು ದೊಡ್ಡ ತುಂಡನ್ನು ನೆಲಕ್ಕಿಟ್ಟು, ಒಂದೂವರೆ ಅಡಿ ಕತ್ತಿಯನ್ನು ಅದರ ಮೇಲೆ ಹೇಗೋ ಎಳೆಯುತ್ತಿದ್ದೆ. ಕಲ್ಲು ಅಲ್ಲಾಡುತ್ತಿತ್ತು, ಕತ್ತಿ ಜಾರುತ್ತಿತ್ತು. ಅವರು ಕವಳ (ಎಲೆಅಡಿಕೆ) ಅಗಿಯುತ್ತಾ ಸ್ವಲ್ಪ ಹೊತ್ತು ನೋಡಿದರು. "ಕತ್ತಿ ತಗಂಡು ಕಲ್ಲಿಗೆ ತಿಕ್ಕಡ ತಮಾ, ಕಲ್ಲು ತಗಂಡು ಕತ್ತಿಗೆ ತಿಕ್ಕು" ಅಂದರು. ಅಷ್ಟೇ.

ಈಗ ನಾನು ಮಾಡುವುದು ಹೀಗೆ. ಬಿದ್ದ ಮರದ ಬೊಡ್ಡೆ ಮೇಲೆ ಕತ್ತಿಯನ್ನು ಮಲಗಿಸುತ್ತೇನೆ, ಅಲಗು ನನ್ನಿಂದ ಆಚೆಗೆ, ಬೊಡ್ಡೆಯ ಅಂಚಿನಿಂದ ಸ್ವಲ್ಪ ಹೊರಗೆ. ಹಿಡಿಯನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಬಲಗೈಯಲ್ಲಿ ತುಂಡು ಕಲ್ಲು. ಕಲ್ಲನ್ನು ಮೊದಲು ಅಲಗಿನ ಮೇಲೆ ಚಪ್ಪಟೆಯಾಗಿ ಇಟ್ಟು, ಕತ್ತಿಯ ಬೆನ್ನಿನ, ಅಂದರೆ ಹರಿತವಿಲ್ಲದ ದಪ್ಪ ಬದಿಯ ಕಡೆ ಒಂದು ಹೆಬ್ಬೆರಳು ತೂರುವಷ್ಟು ಎತ್ತಬೇಕು. ನನ್ನ ಕತ್ತಿಯ ಅಗಲ ಸುಮಾರು 5 ಸೆಂಟಿಮೀಟರ್, ಹೆಬ್ಬೆರಳು 2 ಸೆಂಟಿಮೀಟರ್, ಲೆಕ್ಕ ಹಾಕಿದರೆ 22 ಡಿಗ್ರಿ ಬರುತ್ತದೆ. ಕಡಿಯುವ ಕತ್ತಿಗೆ 20ರಿಂದ 25ರ ಒಳಗೆ ಎಲ್ಲಿದ್ದರೂ ನಡೆಯುತ್ತದೆ. ಅದಕ್ಕಿಂತ ತೆಳು ಮಾಡಿದರೆ ಕ್ಷೌರ ಮಾಡಬಹುದು, ಆದರೆ ಒಣಗಿದ ಗೆಲ್ಲಿಗೆ ಬಿದ್ದ ಕೂಡಲೇ ಅಲಗು ಮಗುಚುತ್ತದೆ. ಡಿಗ್ರಿ ಎಷ್ಟು ಅನ್ನೋದಕ್ಕಿಂತ ಶುರುವಿನಿಂದ ಕೊನೆ ತನಕ ಅದೇ ಓರೆ ಇಟ್ಟುಕೊಳ್ಳೋದು ಮುಖ್ಯ. ಕೈ ಪಳಗುವ ತನಕ ನಾನು ಮಾಡುತ್ತಿದ್ದ ಉಪಾಯ ಅಂದರೆ ಅಲಗಿನ ಅಂಚಿಗೆ ಇದ್ದಿಲಿನಿಂದ ಮಸಿ ಬಳಿಯೋದು. ನಾಲ್ಕು ಸಲ ತಿಕ್ಕಿ ನೋಡಿ. ಮಸಿ ತುದಿಯಲ್ಲೇ ಉಳಿದಿದ್ದರೆ ಕಲ್ಲು ಜಾಸ್ತಿ ಮಲಗಿದೆ, ತುದಿಯಲ್ಲಿ ಮಾತ್ರ ಹೋಗಿದ್ದರೆ ಜಾಸ್ತಿ ಎದ್ದಿದೆ.

ಆಮೇಲೆ ಸಣ್ಣ ಸಣ್ಣ ಸುತ್ತು. ಹಿಡಿಯ ಕಡೆಯಿಂದ ಮೂತಿಯ ತನಕ ಸುತ್ತುತ್ತಾ ಹೋಗೋದು, ನೀರು ಚಿಮುಕಿಸುತ್ತಾ. ಬೆರಳ ತುದಿ ಮಾತ್ರ ಕಲ್ಲಿನ ಕೆಳಗಿನ ಅಂಚಿಗಿಂತ ಮೇಲೇ ಇರಬೇಕು. ಇದನ್ನು ನಾನು ಕಲಿತದ್ದು ತೋರುಬೆರಳಿಗೆ ಮೂರು ಹೊಲಿಗೆ ಹಾಕಿಸಿಕೊಂಡ ಮೇಲೆ.

ಎಷ್ಟು ಹೊತ್ತು ತಿಕ್ಕಬೇಕು ಅಂತ ಕೇಳುತ್ತಾರೆ. ಹೊತ್ತು ನೋಡಬೇಡಿ, ಅಂಚು ನೋಡಿ. ಒಂದು ಬದಿ ಸಾಕಷ್ಟು ಮಸೆದಾಗ ಉಕ್ಕು ತುದಿ ದಾಟಿ ಇನ್ನೊಂದು ಬದಿಗೆ ಕೂದಲೆಳೆಯಷ್ಟು ಮಗುಚುತ್ತದೆ. ಬರ್ ಅಂತಾರಲ್ಲ, ಅದು. ಕಣ್ಣಿಗೆ ಸರಿಯಾಗಿ ಕಾಣೋದಿಲ್ಲ. ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ ಅಡ್ಡಲಾಗಿ ಸವರಿದರೆ ತರತರ ಅಂತ ಸಿಗುತ್ತದೆ. ಅಂಚಿನ ಉದ್ದಕ್ಕೆ ಯಾವತ್ತೂ ಬೆರಳು ಎಳೆಯಬೇಡಿ, ಮಾರಾಯ್ರೆ. ಹಿಡಿಯಿಂದ ಮೂತಿಯ ತನಕ ಎಲ್ಲೂ ಬಿಡದೆ ಅದು ಸಿಕ್ಕಿತು ಅಂದರೆ ಆ ಬದಿ ಮುಗಿಯಿತು, ಕತ್ತಿ ಮಗುಚಿ ಇನ್ನೊಂದು ಬದಿ. ಎರಡೂ ಆದ ಮೇಲೆ ನಯ ಬದಿಯಲ್ಲಿ ಕೈ ಹಗುರ ಮಾಡುತ್ತಾ ಒಂದೊಂದು ಬದಿಗೆ ಐದು, ಮೂರು, ಒಂದು ಅಂತ ಇಳಿಸುತ್ತಾ ಬಂದರೆ ಆ ಎಳೆ ಸವೆದು ಹೋಗುತ್ತದೆ. ಕೊನೆಗೆ ಸೊಂಟದ ಚರ್ಮದ ಬೆಲ್ಟು ಬಿಚ್ಚಿ, ಅದರ ಒರಟು ಬದಿಯ ಮೇಲೆ ಕತ್ತಿಯನ್ನು ಬೆನ್ನು ಮುಂದಾಗಿ ಹತ್ತು ಸಲ ಎಳೆಯುತ್ತೇನೆ. ಇಲ್ಲಿ ಬೆನ್ನು ಮುಂದೆ ಹೋಗಬೇಕು, ಅಂಚು ಮುಂದಾದರೆ ಬೆಲ್ಟು ತುಂಡಾಗುತ್ತದೆ. ಎಳೆ ಉಳಿದುಬಿಟ್ಟರೆ ಕತ್ತಿ ಮೊದಲ ಹತ್ತು ಏಟಿಗೆ ಬೆಣ್ಣೆ ಕೊಯ್ದ ಹಾಗೆ ಹೋಗುತ್ತದೆ, ಹನ್ನೊಂದನೆಯದಕ್ಕೆ ಮೊಂಡು. "ಮಸೆದೆ, ಆದರೂ ನಿಲ್ಲೋದಿಲ್ಲ" ಅನ್ನುವವರ ಕತ್ತಿಯನ್ನು ಕೈಗೆ ತಗೊಂಡು ನೋಡಿದರೆ ಬಹಳ ಸಲ ಇದೇ ಆಗಿರುತ್ತದೆ.

ನಮ್ಮ ಕಡೆ ಕತ್ತಿಯ ಮೂತಿ ಒಳಗೆ ಬಾಗಿರುತ್ತದೆ, ಗೆಲ್ಲು ಎಳೆದು ಕೊಯ್ಯುವುದಕ್ಕೆ. ಆ ಒಳಬಾಗಿಗೆ ಚಪ್ಪಟೆ ಕಲ್ಲು ತಾಗೋದೇ ಇಲ್ಲ. ನನ್ನ ತುಂಡು ಕಲ್ಲಿನ ಒಡೆದ ತುದಿಯನ್ನು ಸಿಮೆಂಟಿನ ಕಟ್ಟೆಗೆ ಉಜ್ಜಿ ಉರುಟು ಮಾಡಿಕೊಂಡೆ, ಈಗ ಅದು ಬಾಗಿಗೆ ಸರಿಯಾಗಿ ಕೂರುತ್ತದೆ. ಇಡೀ ಕಲ್ಲಾಗಿದ್ದರೆ ಹಾಗೆ ಮಾಡಲು ಮನಸ್ಸು ಬರುತ್ತಿರಲಿಲ್ಲ.

ಇಷ್ಟೆಲ್ಲ ಕೇಳಿ ದಿನಾ ಅರ್ಧ ಗಂಟೆಯ ಕೆಲಸ ಅಂದುಕೊಳ್ಳಬೇಡಿ. ಪೂರ್ತಿ ಮಸೆಯೋದು ಹದಿನೈದು ದಿನಕ್ಕೊಮ್ಮೆ. ಬೆಟ್ಟದಲ್ಲಿ ನಾನು ಮಾಡುವುದು ಬರೀ ನಯ ಬದಿಯ ಕೆಲಸ. ಆಸರಿಗೆ (ಬಾಯಾರಿಕೆಗೆ ಏನಾದರೂ ಕುಡಿಯಲು) ಕೂತಾಗ, ಊಟಕ್ಕೆ ಕೂತಾಗ, ಒಂದು ಕವಳ ಹಾಕುವಷ್ಟು ಹೊತ್ತು. ಕತ್ತಿಯ ಅಂಚನ್ನು ಬಿಸಿಲಿಗೆ ಎದುರಾಗಿ ಹಿಡಿಯಿರಿ. ಹರಿತ ಇರುವ ಅಂಚು ಕಾಣೋದೇ ಇಲ್ಲ. ಮೊಂಡಾದ ಜಾಗ ಮಾತ್ರ ಬೆಳ್ಳಗೆ ಮಿಂಚುತ್ತದೆ, ಎಲ್ಲಿ ಮಿಂಚುತ್ತದೋ ಅಲ್ಲಿ ಮಾತ್ರ ನಾಲ್ಕು ಸುತ್ತು. ಮಿಂಚು ಹೋಯಿತಾ, ಎದ್ದು ಹೊರಡಿ. ಈ ಐದು ನಿಮಿಷ ಬಿಟ್ಟರೆ ಸಂಜೆಗೆ ರಟ್ಟೆ ನೋವು, ಮೊಂಡು ಕತ್ತಿ ಜಾರಿ ಕಾಲಿಗೆ ಬೀಳುವ ಭಯ ಬೇರೆ.

ಅಂಚು ಕೆಡಿಸುವುದರಲ್ಲಿ ಮರಕ್ಕಿಂತ ಮಣ್ಣಿನ ಪಾಲು ಜಾಸ್ತಿ. ಲಂಟಾನವನ್ನು ಬುಡದಲ್ಲೇ ಕಡಿಯಲು ಹೋಗಿ ಚಿರೆಕಲ್ಲಿನ ಚೂರಿಗೆ ಒಂದು ಏಟು ಬಿದ್ದರೆ ಬೆಳಗಿನ ಮಸೆತವೆಲ್ಲ ಹೋಯಿತು. ಹಾಗಾಗಿ ನಾನು ಒಂದು ಗೇಣು ಮೇಲೆ ಕಡಿಯುತ್ತೇನೆ. ಬಿದಿರಿನ ಹೊರಸಿಪ್ಪೆಯಲ್ಲಿ ಸಿಲಿಕಾ ಇರುತ್ತದೆ, ಮರಳಿನಲ್ಲಿ ಇರೋದೂ ಅದೇ, ಬಿದಿರು ಕಡಿದ ದಿನ ಎರಡು ಸಲ ಜಾಸ್ತಿ ಕೂರಬೇಕು. ಕಲ್ಲಿಗೆ ಬಡಿದು ಅಂಚು ಹಲ್ಲು ಹಲ್ಲಾದರೆ ತುಂಡು ಕಲ್ಲಿನಿಂದ ಸಾಧ್ಯವಿಲ್ಲ, ಮನೆಗೆ ಬಂದು ಅರ ಹಾಕಬೇಕು. ಅರ ಮುಂದಕ್ಕೆ ತಳ್ಳುವಾಗ ಮಾತ್ರ ಕೊಯ್ಯುತ್ತದೆ, ಹಿಂದಕ್ಕೆ ಎಳೆಯುವಾಗ ಒತ್ತಿದರೆ ಅರದ ಹಲ್ಲು ಹಾಳು.

ಎಣ್ಣೆಯ ವಿಷಯ. ಕಲ್ಲಿಗೆ ಕೊಬ್ಬರಿ ಎಣ್ಣೆ ಹಾಕಿ ನೋಡಿದ್ದೆ, ಬೇಡ. ಉಕ್ಕಿನ ಪುಡಿ ಜೊತೆ ಸೇರಿ ಮೆತ್ತಿಕೊಂಡು ಕಲ್ಲು ಬರೀ ಜಾರಲು ಶುರುವಾಯಿತು. ಚಳಿಗಾಲದಲ್ಲಂತೂ ಈ ಎಣ್ಣೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ, ಡಿಸೆಂಬರ್ ಬೆಳಿಗ್ಗೆ ನಮ್ಮಲ್ಲಿ ಅದು ಬೆಣ್ಣೆ ಥರ. ಆ ಕಲ್ಲನ್ನು ವಾಷಿಂಗ್ ಸೋಡಾ ಹಾಕಿದ ಬಿಸಿನೀರಲ್ಲಿ ಉಜ್ಜಿ ಉಜ್ಜಿ ಮತ್ತೆ ದಾರಿಗೆ ತಂದೆ. ಕಲ್ಲಿಗೆ ಹಳ್ಳದ ನೀರೇ ಸಾಕು. ಕತ್ತಿಗೆ ಮಾತ್ರ ಕೊಬ್ಬರಿ ಎಣ್ಣೆ ಬೇಕು. ಹಲಸಿನ ಮೇಣ ಅಂಟಿದರೆ ಅದರಲ್ಲೇ ಬಿಡುತ್ತದೆ, ಮಳೆಗಾಲದಲ್ಲಿ ಒರೆಸಿ ಒಂದು ಕೈ ಎಣ್ಣೆ ಸವರದೇ ಬಿಟ್ಟರೆ ಬೆಳಿಗ್ಗೆಗೆ ಕೆಂಪು ತುಕ್ಕು. ಅಡಿಕೆಯ ಕೆಲಸ ಮಾಡಿದಾಗ ಅಲಗು ಕಪ್ಪಾಗುತ್ತದಲ್ವಾ, ಅದು ತುಕ್ಕಲ್ಲ, ಅಡಿಕೆಯ ಚೊಗರಿಗೆ ಕಬ್ಬಿಣ ತಾಗಿ ಬರುವ ಬಣ್ಣ. ಅದನ್ನು ನಾನು ತಿಕ್ಕಿ ತೆಗೆಯಲು ಹೋಗೋದಿಲ್ಲ.

ಚಾರಣದ ಹುಚ್ಚಿರುವ ನಮ್ಮ ಹುಡುಗನೊಬ್ಬ ಸ್ವೀಡನ್ನಿನ ಮೋರಾ ಚಾಕು ತಂದಿದ್ದ, ಗೇಣಿಗಿಂತ ಸಣ್ಣ ಅಲಗು. ಅದರದ್ದು ಬೇರೆಯೇ ಲೆಕ್ಕ. ಅಂಚಿನ ಓರೆ ಅಗಲವಾಗಿ, ಚಪ್ಪಟೆಯಾಗಿ ಇರುವುದರಿಂದ ಓರೆಯನ್ನು ಹಾಗೇ ಕಲ್ಲಿನ ಮೇಲೆ ಪೂರ್ತಿ ಮಲಗಿಸಿದರೆ ಆಯಿತು, ಹೆಬ್ಬೆರಳ ಲೆಕ್ಕವೇ ಬೇಡ. ಕಲ್ಲು ಮರೆತು ಬಂದಾಗ ಅವನು ಪಿಂಗಾಣಿ ಕಪ್ಪನ್ನು ಮಗುಚಿ, ತಳದ ಹೊಳಪಿಲ್ಲದ ಬಳೆಯ ಮೇಲೆ ಎಳೆದು ಹರಿತ ಮಾಡಿದ. ನಾನು ನಕ್ಕೆ, ಆಮೇಲೆ ನಾನೂ ಮಾಡಿದೆ. ಹಳ್ಳದಲ್ಲಿ ಕಲ್ಲು ಹುಡುಕುವುದಾದರೆ ಹರಳು ಹರಳು ಕಾಣುವ ಕಲ್ಲು ಬೇಡ, ಉಗುರಿನಿಂದ ಗೀರಿದಾಗ ಸ್ಲೇಟಿನ ಹಾಗೆ ನಯ ಅನ್ನಿಸುವ, ಚಪ್ಪಟೆ ಕಲ್ಲು ಸಿಕ್ಕಿದರೆ ಅಂಚಿನ ಕೊನೆಯ ಕೆಲಸಕ್ಕೆ ಆಗುತ್ತದೆ.

ತುಂಡು ಕಲ್ಲು ಈಗ ನಡುವೆ ಗುಂಡಿ ಬಿದ್ದಿದೆ. ಗುಂಡಿ ಬಿದ್ದ ಕಲ್ಲಿನಲ್ಲಿ ಓರೆ ನಿಲ್ಲೋದಿಲ್ಲ, ಅದಕ್ಕೆ ತಿಂಗಳಿಗೊಮ್ಮೆ ಬಚ್ಚಲ ಹೊರಗಿನ ಸಿಮೆಂಟು ಕಟ್ಟೆ ಮೇಲೆ ಮರಳು, ನೀರು ಹಾಕಿ ಉಜ್ಜಿ ಸಮ ಮಾಡುತ್ತೇನೆ. ಕಟ್ಟೆಯಲ್ಲೂ ಈಗ ಒಂದು ಗುಂಡಿ ಆಗಿದೆ. ಮನೆಯವರು ಅದನ್ನಿನ್ನೂ ನೋಡಿಲ್ಲ.