ಮೇಪಲ್ ಪಾಸ್ ಲೂಪ್: ಮನೆಮಂದಿಗೆಲ್ಲ ಆಗುವಂಥ ಒಂದು ದಿನದ ಬೆಟ್ಟ

ಸಿಯಾಟಲ್ ಕಡೆ ಇರುವ ಕನ್ನಡದವರ ಮನೆಗಳಲ್ಲಿ ಬೇಸಿಗೆ ಅಂದರೆ ಊರಿನಿಂದ ಅಪ್ಪ ಅಮ್ಮ ಬಂದಿರುವ ಕಾಲ. ಬೆಟ್ಟ ಹತ್ತುವುದಕ್ಕೂ ಅದೇ ಕಾಲ. ಅವರನ್ನು ಮನೆಯಲ್ಲಿ ಬಿಟ್ಟು ನಾವಷ್ಟೇ ಹೋಗಲು ಮನಸ್ಸು ಬರುವುದಿಲ್ಲ. ಕರೆದುಕೊಂಡು ಹೋದರೆ ಪಾರ್ಕಿಂಗ್‌ನಲ್ಲಿ ಅರ್ಧ ದಿನ ಕೂರಿಸಬೇಕಾಗುತ್ತದೆ. ಎರಡೂ ಸರಿಯಲ್ಲ. ಇದಕ್ಕೆ ನಾನು ಕಂಡುಕೊಂಡ ದಾರಿ ನಾರ್ತ್ ಕ್ಯಾಸ್ಕೇಡ್ಸ್ ಬೆಟ್ಟಸಾಲಿ‌ನ ಮೇಪಲ್ ಪಾಸ್ ಲೂಪ್.

ಕಾರಣ ಸರಳ. ಹೈವೇ 20 ಬೆಟ್ಟ ದಾಟುವ ಜಾಗವಾದ ರೇನಿ ಪಾಸ್‌ನ ಒಂದೇ ಪಾರ್ಕಿಂಗ್‌ನಿಂದ ಎರಡು ಹಾದಿ ಹೊರಡುತ್ತವೆ. ಒಂದು ಸುಮಾರು 11.6 ಕಿಲೋಮೀಟರಿನ ಲೂಪ್, ಅಂದರೆ ಸುತ್ತಿ ಬಂದು ಹೊರಟಲ್ಲಿಗೇ ಸೇರುವ ಹಾದಿ, 600 ಮೀಟರಿಗಿಂತ ಸ್ವಲ್ಪ ಜಾಸ್ತಿ ಏರು. ಇನ್ನೊಂದು ರೇನಿ ಲೇಕ್‌ಗೆ ಹೋಗುವ ಡಾಂಬರು ಹಾದಿ. ಒಂದು ಕಡೆಗೆ ಸುಮಾರು ಒಂದು ಮೈಲಿ, ಹೆಚ್ಚು ಏರಿಳಿತ ಇಲ್ಲ, ಗಾಲಿಕುರ್ಚಿ ಕೂಡ ಹೋಗುತ್ತದೆ. ಕೊನೆಯಲ್ಲಿ ಬೆಟ್ಟದ ಬುಡಕ್ಕೆ ಅಂಟಿಕೊಂಡ ಹಸಿರುನೀಲಿ ಕೆರೆ, ಎದುರಿಗೆ ಲಯಾಲ್ ಹಿಮನದಿ, ಅದರ ಕೆಳಗಿನ ಬಂಡೆ ಮೇಲಿಂದ ಬೀಳುವ ನೀರು. ಇಷ್ಟೇ ಆಗಿದ್ದರೆ ದೊಡ್ಡ ವಿಷಯ ಆಗುತ್ತಿರಲಿಲ್ಲ. ನನ್ನ ಪ್ಲ್ಯಾನ್ ನಿಂತಿರುವುದು ಇನ್ನೊಂದು ಸಂಗತಿಯ ಮೇಲೆ: ಲೂಪ್‌ನ ಕಡಿದಾದ ಕಡೆಯ ಹಾದಿ ಕೆಳಗೆ ಬಂದು ಸೇರುವುದು ಇದೇ ಡಾಂಬರು ಹಾದಿಗೆ. ಅಂದರೆ ಹತ್ತಿ ಇಳಿದವರು, ಕೆರೆ ನೋಡಿದವರು, ಇಬ್ಬರೂ ಒಂದೇ ಹಾದಿಯಲ್ಲಿ ಪಾರ್ಕಿಂಗ್‌ಗೆ ವಾಪಸಾಗುತ್ತಾರೆ.

ಹಾಗಾಗಿ ನಮ್ಮ ಮನೆಯಲ್ಲಿ ಎರಡು ಗುಂಪು. ನಾನು, ತಮ್ಮ, ದೊಡ್ಡ ಮಗ ಲೂಪ್‌ಗೆ. ಅಪ್ಪ, ಅಮ್ಮ, ಚಿಕ್ಕವಳು, ನಮ್ಮ ಯಜಮಾನರು ಕೆರೆಗೆ.

ಯಾವಾಗ ಹೋಗಬೇಕು ಅನ್ನುವುದನ್ನು ನಾನು ಬಹಳ ಯೋಚಿಸಿಯೇ ಗೊತ್ತು ಮಾಡುತ್ತೇನೆ. ರೇನಿ ಪಾಸ್ ಇರುವುದು ಸುಮಾರು 1,480 ಮೀಟರ್ ಎತ್ತರದಲ್ಲಿ. ಲೂಪ್‌ನ ನೆತ್ತಿ 2,000 ಮೀಟರ್ ದಾಟುತ್ತದೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಎತ್ತರದಲ್ಲಿ ಅಂಥ ವ್ಯತ್ಯಾಸ ಏನಿಲ್ಲ ಅಲ್ವಾ? ಆದರೆ ಇದು 48 ಡಿಗ್ರಿ ಉತ್ತರ ಅಕ್ಷಾಂಶ. ಇಲ್ಲಿ ಅದೇ ಎತ್ತರದಲ್ಲಿ ಜುಲೈ ನಡುವಿನವರೆಗೂ ಹಿಮ ಇರುತ್ತದೆ. ಹೈವೇ 20ರ ಈ ಭಾಗವನ್ನೇ ಚಳಿಗಾಲದಲ್ಲಿ ಮುಚ್ಚಿಬಿಡುತ್ತಾರೆ. ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಮುಚ್ಚಿದರೆ ತೆರೆಯುವುದು ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ. 1972ರಲ್ಲಿ ರಸ್ತೆ ಶುರುವಾದಾಗಿನಿಂದ ಹೆಚ್ಚುಕಮ್ಮಿ ಹೀಗೇ ನಡೆದುಬಂದಿದೆ. ಆಗಸ್ಟ್‌ನಲ್ಲಿ ಹೂವು ಚೆನ್ನಾಗಿರುತ್ತವೆ, ಆದರೆ ಕಾಡ್ಗಿಚ್ಚಿನ ಹೊಗೆಯ ಭಯ. 2021ರಲ್ಲಿ ಮಜಾಮಾ ಹತ್ತಿರ, 2023ರಲ್ಲಿ ಡಯಾಬ್ಲೋ ಕೆರೆಯ ಹತ್ತಿರ ಬೆಂಕಿ ಬಿದ್ದು ಹೈವೇಯನ್ನೇ ಮುಚ್ಚಿದ್ದರು.

ಅದಕ್ಕೇ ನನ್ನ ಆಯ್ಕೆ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಮೊದಲ ವಾರದವರೆಗೆ. ಆಗ ಲಾರ್ಚ್ ಮರಗಳು ಹಳದಿಗೆ ತಿರುಗಿರುತ್ತವೆ. ಲಾರ್ಚ್ ನೋಡಲು ಪೈನ್ ಜಾತಿಯ ಹಾಗೇ ಇದೆ. ಆದರೆ ತೇಗದ ಮರದ ಹಾಗೆ ವರ್ಷಕ್ಕೊಮ್ಮೆ ಎಲೆ ಪೂರ್ತಿ ಉದುರಿಸುತ್ತದೆ. ಉದುರುವ ಮೊದಲು ಸುಮಾರು ಎರಡು ವಾರ ಇಡೀ ಮರ ಹೊಂಬಣ್ಣ. ಮರಗಳು ಬೆಳೆಯುವ ಕೊನೆಯ ಎತ್ತರದಲ್ಲೇ ಇದು ಇರುತ್ತದೆ, ಹಾಗಾಗಿ ಕಾರಿನಲ್ಲೇ ಕೂತು ಹತ್ತಿರದಿಂದ ನೋಡುತ್ತೇನೆ ಅಂದರೆ ಆಗುವುದಿಲ್ಲ, ಹತ್ತಲೇಬೇಕು.

ದಿನ ಗೊತ್ತು ಮಾಡುವುದಕ್ಕೆ ನಾನು ಕ್ಯಾಲೆಂಡರ್ ನಂಬುವುದಿಲ್ಲ. ಆ ವಾರ ಹೋಗಿಬಂದವರು ವಾಷಿಂಗ್ಟನ್ ಟ್ರೇಲ್ಸ್ ಅಸೋಸಿಯೇಷನ್‌ಗೆ ಬರೆದ ವರದಿಗಳನ್ನು ಓದುತ್ತೇನೆ. ಬಣ್ಣ ಬಂದಿದೆಯಾ, ಹಿಮ ಬಿದ್ದಿದೆಯಾ, ಬೆಳಗ್ಗೆ ಎಷ್ಟು ಗಂಟೆಗೆ ಪಾರ್ಕಿಂಗ್ ತುಂಬಿತು, ಎಲ್ಲ ಅದರಲ್ಲಿ ಸಿಗುತ್ತದೆ. ಹವಾಮಾನವನ್ನು ಊರಿನ ಹೆಸರು ಹಾಕಿ ನೋಡುವುದು ಸುಮ್ನೆ ವ್ಯರ್ಥ. ನ್ಯಾಷನಲ್ ವೆದರ್ ಸರ್ವಿಸ್ ನಕ್ಷೆಯಲ್ಲಿ ರೇನಿ ಪಾಸ್ ಮೇಲೆಯೇ ಬೆರಳಿಟ್ಟು ಆ ಜಾಗದ ಮುನ್ಸೂಚನೆ ನೋಡಬೇಕು. ಸಾವಿರ ಮೀಟರ್ ಹತ್ತಿದರೆ ಸುಮಾರು ಆರೂವರೆ ಡಿಗ್ರಿ ಚಳಿ ಹೆಚ್ಚುತ್ತದೆ ಅಂತ ಲೆಕ್ಕ. ಗಾಳಿಯ ಚಳಿ ಬೇರೆ. ಹೊರಡುವ ಹಿಂದಿನ ರಾತ್ರಿ ರಸ್ತೆ ತೆರೆದಿದೆಯಾ ಅಂತ ಸಾರಿಗೆ ಇಲಾಖೆಯ ನಕ್ಷೆ, ಹೊಗೆ ಇದೆಯಾ ಅಂತ ಗಾಳಿಯ ಶುದ್ಧತೆ ತೋರಿಸುವ ಏರ್‌ನೌ ನೋಡಿಕೊಂಡು ಮಲಗುತ್ತೇನೆ. ಸಾಧ್ಯವಾದರೆ ವಾರದ ನಡುವೆ ಒಂದು ದಿನ ರಜೆ ಹಾಕಿ. ಲಾರ್ಚ್ ಕಾಲದ ಶನಿವಾರ ಹೈವೇ ಅಂಚಿನಲ್ಲಿ ಕಾರುಗಳು ಉದ್ದಕ್ಕೆ ನಿಂತಿರುತ್ತವೆ. ವಯಸ್ಸಾದವರನ್ನು ಆ ರಸ್ತೆಯ ಬದಿಯಲ್ಲಿ ನಡೆಸುವುದು ನನಗಂತೂ ಬೇಡ.

ಇನ್ನು ಸಮಯದ ಲೆಕ್ಕ. ನಾನು ಇದನ್ನು ಹಿಂದಿನಿಂದ ಹಾಕುತ್ತೇನೆ. ಅಕ್ಟೋಬರ್ ಮೊದಲ ವಾರ ಸೂರ್ಯ ಮುಳುಗುವುದು ಆರು ಮುಕ್ಕಾಲರ ಆಸುಪಾಸು. ಆ ಬೆಟ್ಟದ ರಸ್ತೆಯ ತಿರುವುಗಳನ್ನು ಬೆಳಕಿರುವಾಗಲೇ ಇಳಿಯಬೇಕು. ಅಂದರೆ ನಾಲ್ಕು ಗಂಟೆಗೆ ಕಾರು ಹೊರಡಬೇಕು. ಎಲ್ಲರೂ ಸೇರಿ ಕಾಫಿ ಕುಡಿಯಲು ಒಂದು ಗಂಟೆ ಇಟ್ಟರೆ ಹತ್ತುವವರು ಮೂರಕ್ಕೆ ಕೆಳಗಿರಬೇಕು. ನಡೆಯಲು ಎಷ್ಟು ಹೊತ್ತು? ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲೇ ಒಂದು ಲೆಕ್ಕ ಕೊಟ್ಟಿದ್ದಾನೆ: ಐದು ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಈ ಲೂಪ್‌ಗೆ ಅದು ಮೂರೂಕಾಲು ಗಂಟೆ ಆಸುಪಾಸು ಬರುತ್ತದೆ. ಅದು ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ನಾವು ಫೋಟೋ ತೆಗೆಯುತ್ತೇವೆ, ತಿನ್ನುತ್ತೇವೆ, ಸುಮ್ಮನೆ ಕೂರುತ್ತೇವೆ. ಒಂದೂಮುಕ್ಕಾಲು ಪಟ್ಟು ಮಾಡಿದರೆ ಆರು ಗಂಟೆ. ಹಾಗಾದರೆ ಒಂಬತ್ತಕ್ಕೆ ಮೊದಲೇ ಕಾಲು ಹಾದಿಯ ಮೇಲಿರಬೇಕು. ನಮ್ಮ ಮನೆಯಿರುವ ಬಾಥೆಲ್‌ನಿಂದ ಎರಡೂವರೆ, ಎರಡೂಮುಕ್ಕಾಲು ಗಂಟೆಯ ಡ್ರೈವ್. ಬೆಳಗ್ಗೆ ಐದಕ್ಕೆ ಮನೆ ಬಿಡುತ್ತೇವೆ. ಊರಲ್ಲಿ ಧರ್ಮಸ್ಥಳಕ್ಕೆ ಹೊರಡುವ ಹೊತ್ತು ಅದೇ, ಅಪ್ಪ ಅಮ್ಮನಿಗೆ ಒಂದಿಷ್ಟೂ ಕಷ್ಟ ಆಗುವುದಿಲ್ಲ.

ಮಾರ್ಬಲ್‌ಮೌಂಟ್‌ನಲ್ಲಿ ಪೆಟ್ರೋಲ್ ಹಾಕಿಸಲೇಬೇಕು. ಅಲ್ಲಿಂದ ರೇನಿ ಪಾಸ್‌ಗೆ ಸುಮಾರು 80 ಕಿಲೋಮೀಟರ್. ನ್ಯೂಹೇಲಂ ದಾಟಿದ ಮೇಲೆ ಫೋನ್ ಸಿಗ್ನಲ್ ಬಹುಪಾಲು ಇರುವುದಿಲ್ಲ, ಅದಕ್ಕೆ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಪಾರ್ಕಿಂಗ್‌ಗೆ ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್ ಬೇಕು, ಅದನ್ನು ಮನೆಯಲ್ಲೇ ತೆಗೆದಿಟ್ಟುಕೊಳ್ಳಿ. ರೇನಿ ಪಾಸ್‌ನಲ್ಲಿ ಗುಂಡಿ ಶೌಚಾಲಯ ಇದೆ, ಆದರೆ ನಲ್ಲಿ ನೀರನ್ನು ನಂಬಿಕೊಂಡು ಹೋಗಬೇಡಿ. ನಾವು ಒಂದು ದೊಡ್ಡ ಕ್ಯಾನ್ ನೀರು, ಒಂದು ಮಗ್, ಸೋಪು ಡಿಕ್ಕಿಯಲ್ಲಿ ಇಟ್ಟಿರುತ್ತೇವೆ. ಊರಿನಿಂದ ಬಂದವರಿಗೆ ಇದೆಷ್ಟು ಮುಖ್ಯ ಅಂತ ಹೇಳಬೇಕಾಗಿಲ್ಲ.

ಎರಡು ಗುಂಪಿನ ನಡುವೆ ಫೋನ್ ಇಲ್ಲದಿರುವಾಗ ಮಾತು ಮೊದಲೇ ಮುಗಿದಿರಬೇಕು. ಕಾರಿನ ಕೀ ಕೆಳಗಿರುವವರ ಹತ್ತಿರ. ಮೂರು ಗಂಟೆಗೆ ಎರಡು ಹಾದಿ ಸೇರುವ ಜಾಗದಲ್ಲಿ ಭೇಟಿ. ಅಮ್ಮ ಪ್ರತಿ ಸಲ ಕೇಳುತ್ತಾಳೆ, "ಮೂರಕ್ಕೆ ಬರದಿದ್ರೆ ಏನೇ ಮಾಡೋದು?" "ಐದರವರೆಗೂ ಕಾರಲ್ಲೇ ಬೆಚ್ಚಗೆ ಕೂತಿರಮ್ಮ, ಗಾಬರಿ ಆಗ್ಬೇಡ. ಐದು ದಾಟಿದ್ರೆ ಇವರು ಸಿಗ್ನಲ್ ಇರೋ ಕಡೆಗೆ ಹೋಗಿ 911 ತುರ್ತು ಸಹಾಯಕ್ಕೆ ಹೇಳ್ತಾರೆ" ಅನ್ನುತ್ತೇನೆ. ಇದನ್ನು ಬಾಯಿಬಿಟ್ಟು ಹೇಳಿಕೊಂಡಿದ್ದರೆ ಮೇಲಿರುವವರಿಗೂ ನೆಮ್ಮದಿ, ಕೆಳಗಿರುವವರಿಗೂ ನೆಮ್ಮದಿ. ಈಗಿನ ಕೆಲವು ಫೋನ್‌ಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು. ನಿಮ್ಮ ಫೋನಿನಲ್ಲಿ ಅದಿದ್ದರೆ ಬಳಸುವುದು ಹೇಗೆ ಅಂತ ಮನೆಯಲ್ಲೇ ತಿಳಿದುಕೊಳ್ಳಿ.

ಲೂಪ್ ಯಾವ ಕಡೆಯಿಂದ ಅನ್ನುವುದರ ಬಗ್ಗೆ ಜನರಲ್ಲಿ ಎರಡು ಮತ ಇದೆ. ನನ್ನದು ಅಪ್ರದಕ್ಷಿಣೆ, ಅಂದರೆ ಮೊದಲು ಲೇಕ್ ಆ್ಯನ್ ಕಡೆಯಿಂದ. ಏರು ನಿಧಾನ, ಕಾಡಿನ ನೆರಳು, ನೋಟ ಒಂದೊಂದಾಗಿ ತೆರೆದುಕೊಳ್ಳುತ್ತದೆ. ಕಡಿದಾದ ಭಾಗ ಇಳಿಯಲು ಸಿಗುತ್ತದೆ. ಮಂಡಿಗೆ ಕಷ್ಟ ನಿಜ, ಅದಕ್ಕೆ ಎರಡು ಊರುಗೋಲು ಕಡ್ಡಾಯ. ಮಂಡಿ ನೋವಿರುವವರು ಆ ಕಡಿದಾದ ಕಡೆಯಿಂದ ಹತ್ತಿ ಲೇಕ್ ಆ್ಯನ್ ಕಡೆ ಇಳಿಯುವುದು ಒಳ್ಳೆಯದು, ಆದರೆ ಡಾಂಬರು ಹಾದಿಯಲ್ಲಿ ಭೇಟಿಯಾಗುವ ಅನುಕೂಲ ತಪ್ಪುತ್ತದೆ.

ಸುಮಾರು ಎರಡು ಕಿಲೋಮೀಟರಿಗೆ ಲೇಕ್ ಆ್ಯನ್ ಕವಲು. ನಾವು ಕೆರೆಗೆ ಇಳಿಯದೆ ಮುಂದೆ ಹೋಗುತ್ತೇವೆ. ನಡುವೆ ಒಂದು ಪುಟ್ಟ ದ್ವೀಪವಿರುವ ಆ ಕೆರೆ ಮೇಲಿನಿಂದಲೇ ಚೆಂದ. ಕಲ್ಲುರಾಶಿ ದಾಟುವಾಗ "ಈಂ" ಅಂತ ಚೂಪಾಗಿ ಒಂದು ಕೂಗು ಕೇಳುತ್ತದೆ. ನಿಂತು ನೋಡಿದರೆ ಅಂಗೈಯಷ್ಟು ದೊಡ್ಡ ಪೈಕಾ, ಮೊಲದ ಬಂಧುವಾದ ಪುಟ್ಟ ಪ್ರಾಣಿ, ಬಾಯ್ತುಂಬ ಹುಲ್ಲು ಕಚ್ಚಿಕೊಂಡು ಬಂಡೆ ಸಂದಿಗೆ ಓಡುತ್ತಿರುತ್ತದೆ. ಚಳಿಗಾಲ ಪೂರ್ತಿ ಅದು ನಿದ್ದೆ ಮಾಡುವುದಿಲ್ಲ. ಹಿಮದಡಿ ಎಚ್ಚರವಾಗಿದ್ದು ಕೂಡಿಟ್ಟ ಹುಲ್ಲು ತಿಂದುಕೊಂಡಿರುತ್ತದೆ.

ಹೀದರ್ ಪಾಸ್ ನಮ್ಮ ತೀರ್ಮಾನದ ಜಾಗ. ಇಲ್ಲಿಗೆ ಹನ್ನೊಂದೂವರೆ ಒಳಗೆ ಬಂದಿದ್ದರೆ, ಆಕಾಶ ತಿಳಿಯಾಗಿದ್ದರೆ, ಹುಡುಗ ಉತ್ಸಾಹದಲ್ಲಿದ್ದರೆ ಮುಂದೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಬಂದ ದಾರಿಯಲ್ಲೇ ವಾಪಸ್. ಇದರ ನಂತರ ಬರುವುದು ಬಯಲು ದಿಣ್ಣೆ. ಗುಡುಗು ಮಿಂಚು ಬಂದರೆ ಅಲ್ಲಿ ಅಡಗಲು ಜಾಗ ಇಲ್ಲ. ಲೂಪ್‌ನಲ್ಲಿ ಒಂದು ಸೆಳೆತ ಇರುತ್ತದೆ, ಸುತ್ತು ಪೂರ್ತಿ ಮಾಡಲೇಬೇಕು ಅಂತ ಕಾಲು ಎಳೆಯುತ್ತದೆ. ಅದಕ್ಕೇ ಈ ನಿಯಮವನ್ನು ಮನೆಯಲ್ಲೇ ಹಾಕಿಕೊಂಡು ಬರುತ್ತೇವೆ.

ಲಾರ್ಚ್ ಹತ್ತಿರದಿಂದ ನೋಡಲು ಇದೇ ತಕ್ಕ ಜಾಗ. ಕೊಂಬೆಯ ಮೇಲೆ ಸಣ್ಣ ಸಣ್ಣ ಗಂಟು, ಪ್ರತಿ ಗಂಟಿನಿಂದ ಮೂವತ್ತು ನಲವತ್ತು ಸೂಜಿ ಎಲೆ ಕುಚ್ಚಾಗಿ ಹೊರಟಿರುತ್ತವೆ. ಪೈನ್ ಎಲೆ ಚುಚ್ಚುತ್ತದೆ, ಇದು ಚುಚ್ಚುವುದಿಲ್ಲ. ಬೆರಳಾಡಿಸಿದರೆ ಅಷ್ಟು ಮೆತ್ತಗೆ. ಬಿಸಿಲಿಗೆ ಬೆನ್ನು ಮಾಡಿ ನೋಡುವುದಕ್ಕಿಂತ ಬಿಸಿಲಿಗೆ ಎದುರಾಗಿ ನೋಡಬೇಕು, ಬೆಳಕು ಎಲೆಯೊಳಗಿಂದ ಹಾದು ಬಂದಾಗಲೇ ಆ ಬಣ್ಣ. ಕೆಳಗೆ ನೆಲದ ಮೇಲೆ ಹಕಲ್‌ಬೆರಿ ಗಿಡಗಳು ಕಡುಗೆಂಪು. ಕರಡಿಗಳಿಗೂ ಆ ಹಣ್ಣು ಇಷ್ಟ, ಹಾಗಾಗಿ ಮಾತಾಡುತ್ತಲೇ ನಡೆಯುತ್ತೇವೆ. ಹಾದಿ ಬಿಟ್ಟು ಫೋಟೋಗೆ ಅಂತ ಹೀದರ್ ಗಿಡಗಳ ಮೇಲೆ ಕಾಲಿಡುವವರನ್ನು ನೋಡಿದರೆ ನನಗೆ ನಿಜವಾಗಿ ಸಂಕಟ ಆಗುತ್ತದೆ. ವರ್ಷಕ್ಕೆ ಎರಡು ಮೂರು ತಿಂಗಳಷ್ಟೇ ಬೆಳೆಯಲು ಸಿಗುವ ಗಿಡ ಅದು. ತುಳಿದ ಜಾಗ ಎಷ್ಟೋ ವರ್ಷ ಬೋಳಾಗಿಯೇ ಇರುತ್ತದೆ.

ಊಟ ಮೇಪಲ್ ಪಾಸ್‌ನಲ್ಲಿ. ಅನ್ನ ತರುವುದಿಲ್ಲ, ಆ ಚಳಿಗೆ ಅದು ಬಿರುಸಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಚಪಾತಿಗೆ ತುಪ್ಪ, ಶೇಂಗಾ ಚಟ್ನಿಪುಡಿ ಸವರಿ ಸುರುಳಿ ಮಾಡಿ ತರುತ್ತೇವೆ. ಗ್ಲೌಸ್ ಹಾಕಿದ ಕೈಯಲ್ಲೂ ತಿನ್ನಬಹುದು. ತಲೆಗೆ ಎರಡು ಲೀಟರ್ ನೀರು, ಯಾಕೆಂದರೆ ಮೇಲೆ ಸಿಗುವ ಭರವಸೆ ಇಲ್ಲ. ಬೂದು ಬಣ್ಣದ ಜೇ ಹಕ್ಕಿ ಕೈಯಿಂದಲೇ ಕಿತ್ತುಕೊಳ್ಳಲು ಬರುತ್ತದೆ, ಕೊಡಬೇಡಿ. ಚೀಲದಲ್ಲಿ ಮಳೆಕೋಟು, ಉಣ್ಣೆಯ ಟೋಪಿ, ಹಣೆದೀಪ ಯಾವಾಗಲೂ ಇರುತ್ತವೆ. ಹತ್ತಿ ಬಟ್ಟೆ ಮಾತ್ರ ಬೇಡವೇ ಬೇಡ, ಬೆವರಿಗೆ ಒದ್ದೆಯಾದರೆ ಗಾಳಿಗೆ ಮೈ ಕೊರೆಯುತ್ತದೆ.

ಇಳಿಜಾರು ದಿಣ್ಣೆಯ ಅಂಚಿನಲ್ಲೇ ಹೋಗುತ್ತದೆ. ಬಲಕ್ಕೆ ಆಳದಲ್ಲಿ ರೇನಿ ಲೇಕ್, ಎಡಕ್ಕೆ ಲೇಕ್ ಆ್ಯನ್. "ಅಜ್ಜಿ ಅಲ್ಲೇ ಇದಾರಾ?" ಅಂತ ಮಗ ಬಲಗಡೆ ಬಗ್ಗಿ ನೋಡುತ್ತಾನೆ. ಕಾಣುವುದಿಲ್ಲ, ಆದರೂ ಕೈ ಬೀಸುತ್ತಾನೆ. ಆ ಹೊತ್ತಿಗೆ ಅಮ್ಮ ಮಂಕಿ ಕ್ಯಾಪ್ ಹಾಕಿಕೊಂಡು, ಸೀರೆ ಮೇಲೆ ನನ್ನ ದಪ್ಪ ಜಾಕೆಟ್ ತೊಟ್ಟು, ಕೆರೆಯ ಕೊನೆಯ ಬೆಂಚಿನಲ್ಲಿ ಕೂತು ಕೊಬ್ಬರಿ ಮಿಠಾಯಿ ಹಂಚಿ ಮುಗಿಸಿರುತ್ತಾಳೆ.

ಸಮಯ ಮಿಕ್ಕಿದ್ದರೆ ಏಳೆಂಟು ಕಿಲೋಮೀಟರ್ ಮುಂದೆ ವಾಷಿಂಗ್ಟನ್ ಪಾಸ್ ನೋಟದ ಜಾಗಕ್ಕೆ ಕಾರಿನಲ್ಲೇ ಹೋಗಿಬರುತ್ತೇವೆ. ಸ್ವಲ್ಪವೇ ನಡೆದರೆ ಸಾಕು, ಲಿಬರ್ಟಿ ಬೆಲ್ ಶಿಖರ ಎದುರಿಗೇ ನಿಂತಿರುತ್ತದೆ. ಇಲ್ಲದಿದ್ದರೆ ವಾಪಸ್ ಬರುವಾಗ ಡಯಾಬ್ಲೋ ಕೆರೆಯ ಹತ್ತಿರ ನಿಲ್ಲಿಸುತ್ತೇವೆ. ಹಿಮನದಿ ಅರೆದ ಕಲ್ಲಿನ ಹಿಟ್ಟು ನೀರಿನಲ್ಲಿ ತೇಲುವುದರಿಂದ ಆ ಕೆರೆಗೆ ಹಸಿರುನೀಲಿ ಬಣ್ಣ.

ನಿಮ್ಮ ಮನೆಯವರು ಬರುವುದು ಜೂನ್, ಜುಲೈನಲ್ಲಾದರೆ ಲೂಪ್ ಬಿಡಿ. ಹೀದರ್ ಪಾಸ್ ಆಚೆಯ ಇಳಿಜಾರುಗಳಲ್ಲಿ ಹಿಮ ಗಟ್ಟಿಯಾಗಿ ಕೂತಿರುತ್ತದೆ, ಜಾರಿದರೆ ಕೆಳಗೆ ಬಂಡೆ. ಜುಲೈ ಕೊನೆಗೆ ಹಾದಿ ಬಿಟ್ಟಿದ್ದರೆ ಹತ್ತುವವರು ಲೇಕ್ ಆ್ಯನ್‌ವರೆಗೆ ಹೋಗಿ ಬನ್ನಿ, ಉಳಿದವರು ರೇನಿ ಲೇಕ್‌ಗೆ. ಸೊಳ್ಳೆ ಎಣ್ಣೆ ಎಲ್ಲರಿಗೂ ಹಚ್ಚಿ. ಆ ತಿಂಗಳು ಕೆರೆ ದಡದಲ್ಲಿ ಸೊಳ್ಳೆ ಬಹಳ ಜಾಸ್ತಿ.