ಪಹಣಿ ಹಿಡಿದು ಷೆಂಗೆನ್ ವೀಸಾ: ಮೂರನೇ ಸಲ ಸಿಕ್ಕ ಕತೆ

ಸಂಬಳದ ಸ್ಲಿಪ್ ಇಲ್ಲ. ಕಂಪನಿಯ ರಜೆ ಪತ್ರ ಇಲ್ಲ. ಇರುವುದು ಶಿರಸಿ ಕಡೆ ಎರಡು ಎಕರೆ ಚಿಲ್ಲರೆ ಅಡಿಕೆ ತೋಟ, ಮರಕ್ಕೆ ಹಬ್ಬಿದ ಒಂದಿಷ್ಟು ಕಾಳುಮೆಣಸು. ಇಷ್ಟಿಟ್ಟುಕೊಂಡು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಒಂದೇ ವೀಸಾ, ಕೇಳಲು ಹೊರಟಾಗ ಬೆಂಗಳೂರಿನ ಸಾಫ್ಟ್‌ವೇರ್ ಭಾವ ಹೇಳಿದ್ದು, "ನಿಂಗೆ ಸಿಗ್ತಿಲ್ಲೆ ಭಾವ, ಸುಮ್ನೆ ದುಡ್ಡು ಹಾಳು." ಎರಡು ಸಲ ಅವನ ಮಾತೇ ನಿಜವಾಯಿತು. ಮೂರನೇ ಸಲ, 2025ರ ಏಪ್ರಿಲ್‌ನಲ್ಲಿ, ಸ್ಟಿಕ್ಕರ್ ಅಂಟಿದ ಪುಟದ ಫೋಟೋ ಮೊದಲು ಅವನಿಗೇ ಕಳಿಸಿದೆ. ಒಂದು ಹೆಬ್ಬೆರಳು ಬಂತು, ಅಷ್ಟೇ.

ಫಾರ್ಮ್ ತುಂಬುವುದು, 35 ಗುಣಿಸು 45 ಮಿಲಿಮೀಟರ್ ಫೋಟೋ, 30,000 ಯೂರೋ ವಿಮೆ, ಇವೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ. ನಾನು ಎಲ್ಲಿ ಬಿದ್ದೆ ಅನ್ನುವುದೇ ಮುಖ್ಯ.

ಮೊದಲನೇ ಸಲ 2023ರ ಫೆಬ್ರವರಿ. ಒಬ್ಬ ಏಜೆಂಟ್ ಹಿಡಿದೆ. "ಟಿಕೆಟ್ ಖಾತ್ರಿ ಇದ್ದರೆ ವೀಸಾ ಬೇಗ" ಅಂದ. ಬುಕಿಂಗ್ ತೋರಿಸಿದರೆ ಸಾಕಿತ್ತು, ನಾನು ದುಡ್ಡು ಕೊಟ್ಟು ಟಿಕೆಟ್ ತೆಗೆದೇಬಿಟ್ಟೆ. ಖಾತೆಯಲ್ಲಿ ಮೂವತ್ತೆಂಟು ಸಾವಿರ ಇತ್ತು. ಜನವರಿ ಕೊನೆಗೆ ಹನ್ನೆರಡು ಕ್ವಿಂಟಾಲ್ ರಾಶಿ ಅಡಿಕೆ ಒಟ್ಟಿಗೆ ಕೊಟ್ಟೆ. ಐದೂವರೆ ಲಕ್ಷದಷ್ಟು ಒಂದೇ ದಿನ ಬಂದು ಬಿತ್ತು. ಎರಡು ವಾರಕ್ಕೆ ಅರ್ಜಿ. ದುಡ್ಡು ನನ್ನದೇ, ತೋಟದ್ದೇ. ಆದರೆ ಕಾಗದದ ಮೇಲೆ ನೋಡಿದರೆ ಯಾರದೋ ಹತ್ತಿರ ಕೈಗಡ ತಂದು ಹಾಕಿದ ಹಾಗೇ ಕಾಣುತ್ತಿತ್ತು. ಪಾಸ್‌ಪೋರ್ಟ್ ಜೊತೆ ಬಂದ ಹಾಳೆಯಲ್ಲಿ ಎರಡು ಕಡೆ ಟಿಕ್: ಖರ್ಚಿಗೆ ಆಧಾರ ಸಾಲದು, ವಾಪಸ್ ಹೋಗುತ್ತಾನೆ ಅನ್ನುವ ನಂಬಿಕೆ ಇಲ್ಲ. ಆಗ ಶುಲ್ಕ 80 ಯೂರೋ, ಅಂದರೆ ಏಳು ಸಾವಿರ. ವೀಸಾ ಕೇಂದ್ರಕ್ಕೆ ಎರಡು ಸಾವಿರ, ಏಜೆಂಟಿಗೆ ಆರು, ಟಿಕೆಟ್ ರದ್ದು ಮಾಡಿ ಹೋದದ್ದು ಇಪ್ಪತ್ತೆರಡು. ಬಸ್ಸು, ಲಾಡ್ಜು ಸೇರಿ ನಲವತ್ತರ ಹತ್ತಿರ. ಹತ್ತಿರ ಹತ್ತಿರ ಒಂದು ಕ್ವಿಂಟಾಲ್ ರಾಶಿ ಹೋಯಿತು ಅಂತ ಲೆಕ್ಕ ಹಾಕಿ, ಆ ರಾತ್ರಿ ಊಟ ಸೇರಲಿಲ್ಲ.

ಎರಡನೇ ಸಲ ಅದೇ ವರ್ಷ ಮಳೆ ಮುಗಿದ ಮೇಲೆ. ಏಜೆಂಟ್ ಬೇಡ ಅಂತ ನಾನೇ ಮಾಡಿದೆ. ಈಗ ನೆನೆದರೆ ನಗು ಬರುತ್ತದೆ. ಪಹಣಿ ಇಟ್ಟೆ, ಕನ್ನಡದ್ದೇ. ಬೆಂಗಳೂರಿನ ಕೇಂದ್ರ ತಾನೇ, ಕನ್ನಡ ಓದುವವರು ಇರುತ್ತಾರೆ ಅಂತ ನನ್ನ ಬುದ್ಧಿ. ಕೇಂದ್ರದವರು ಕಟ್ಟು ಕಟ್ಟಿ ಕಳಿಸುತ್ತಾರೆ, ಓದಿ ತೀರ್ಮಾನ ಮಾಡುವವರೇ ಬೇರೆ. ಅದೂ ಇರಲಿ, ಪಹಣಿ ಇದ್ದದ್ದು ಅಪ್ಪಯ್ಯನ ಹೆಸರಲ್ಲಿ. ತೋಟ ನನ್ನದು ಅಂತ ಪತ್ರದಲ್ಲಿ ಬರೆದಿದ್ದೆ, ದಾಖಲೆಯಲ್ಲಿ ನನ್ನ ಹೆಸರೇ ಇಲ್ಲ. ಮತ್ತೆ ಟಿಕ್. ಇನ್ನೊಂದು ಹನ್ನೊಂದು ಸಾವಿರ.

ಆಮೇಲೆ ಒಂದೂವರೆ ವರ್ಷ ಷೆಂಗೆನ್ ಮಾತೇ ಎತ್ತಲಿಲ್ಲ. ಆದರೆ ಸುಮ್ಮನೆ ಕೂರಲಿಲ್ಲ. 2024ರ ಜನವರಿಯಿಂದ ಅಡಿಕೆ ಮಾರುವ ಕ್ರಮವನ್ನೇ ಬದಲಿಸಿದೆ. ಒಟ್ಟಿಗೆ ಕೊಡುವುದು ಬಿಟ್ಟು ತಿಂಗಳಿಗೆ ಒಂದು, ಒಂದೂವರೆ ಕ್ವಿಂಟಾಲ್. ಖಾತೆಗೆ ತಿಂಗಳ ಸಂಬಳದ ಹಾಗೆ ಐವತ್ತು, ಅರವತ್ತು ಸಾವಿರ ಬರತೊಡಗಿತು. ಮಧ್ಯೆ ಮಧ್ಯೆ ಮೆಣಸಿನ ದುಡ್ಡು. ಸೊಸೈಟಿಯಲ್ಲಿ ಎಲ್ಲರೂ ನಕ್ಕರು, "ಇವಂಗೆ ಎಂತ ಹುಚ್ಚು" ಅಂತ. ನಷ್ಟವೂ ಆಯಿತು. ದರ ಏರಿದ ವಾರ ಸುಮ್ಮನೆ ನೋಡಿ, ಇಳಿದ ವಾರ ಕೊಡಬೇಕಾಗಿ ಬಂದದ್ದುಂಟು. ಒಟ್ಟು ಇಪ್ಪತ್ತೈದು ಸಾವಿರ ಹೋಗಿರಬಹುದು. ವೀಸಾ ಶುಲ್ಕದ ಲೆಕ್ಕಕ್ಕೇ ಬರೆದುಕೊಂಡೆ.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ನಮ್ಮ ಕಡೆ ಜಾಸ್ತಿ ಜನ ರಿಟರ್ನ್ ಹಾಕುವುದಿಲ್ಲ. ನಾನು ಹಾಕಿಸಿದೆ, ವರ್ಷಕ್ಕೆ ಒಂದೂವರೆ ಸಾವಿರ ಕೊಟ್ಟು. ತೆರಿಗೆ ಸೊನ್ನೆ, ಆದರೆ ಕೃಷಿ ಆದಾಯ ಇಷ್ಟು ಅಂತ ಸರ್ಕಾರದ ಕಾಗದದಲ್ಲಿ ಕೂತಿತು. ನಾಡಕಚೇರಿಯಿಂದ ವಂಶವೃಕ್ಷ, ಅಪ್ಪಯ್ಯನಿಂದ ಒಂದು ಅಫಿಡವಿಟ್. ಎಲ್ಲದಕ್ಕೂ ಇಂಗ್ಲಿಷ್ ಅನುವಾದ, ನೋಟರಿ ಸಹಿ.

ಪಾಸ್‌ಪೋರ್ಟಿಗೂ ಸ್ವಲ್ಪ ಮುದ್ರೆ ಬೀಳಲಿ ಅಂತ 2024ರ ಅಕ್ಟೋಬರಿನಲ್ಲಿ ಜಪಾನ್. ಆಗ ನಮ್ಮವರಿಗೆ ಅದರ ಶುಲ್ಕ ಐನೂರರ ಆಸುಪಾಸು ಇತ್ತು, ಅಷ್ಟೇ. ಒಂದು ವಾರಕ್ಕೆ ವೀಸಾ ಬಂತು. ಜಪಾನ್ ವೀಸಾ ಇದ್ದರೆ ತೈವಾನಿಗೆ ಬೇರೆ ವೀಸಾ ಬೇಡ, ಆನ್‌ಲೈನಿನಲ್ಲಿ ಪುಕ್ಕಟೆ ಅನುಮತಿ ಪತ್ರ ಸಿಗುತ್ತದೆ ಅಂತ ಓದಿದ್ದೆ. ಪ್ರಯೋಗ ಮಾಡಿದೆ. ಹತ್ತು ನಿಮಿಷದ ಕೆಲಸ. ವಿಮಾನದ ಕೌಂಟರಿನ ಹುಡುಗಿಗೆ ಮಾತ್ರ ಆ ಪತ್ರ ಗೊತ್ತಿರಲಿಲ್ಲ. ಮೇಲಿನವರನ್ನು ಕೇಳಿ ಬರುವಷ್ಟರಲ್ಲಿ ಅರ್ಧ ಗಂಟೆ. ಪ್ರಿಂಟ್ ಇಟ್ಟುಕೊಳ್ಳಿ. ತೈವಾನಿನಲ್ಲಿ ರಸ್ತೆ ಬದಿಯ ಗಾಜಿನ ಗೂಡಂಗಡಿಗಳಲ್ಲಿ ಅಡಿಕೆ ಮಾರುತ್ತಾರೆ, ಗೊತ್ತಾ? ಎಳೇ ಹಸಿರು ಕಾಯಿ, ಸುಣ್ಣ, ವೀಳ್ಯದೆಲೆ. ವೀಸಾ ಮರೆತು ಒಂದು ಮಧ್ಯಾಹ್ನ ಅಲ್ಲೇ ನಿಂತಿದ್ದೆ. ಭಾಷೆ ಬಾರದಿದ್ದರೂ ಕೈಸನ್ನೆಯಲ್ಲೇ ದರ ವಿಚಾರಿಸಿದೆ. ಒಂದು ಬಾಯಿಗೆ ಹಾಕಿದರೆ ತಲೆ ತಿರುಗಿತು, ನಾವು ಅಡಿಕೆ ಬೆಳೆಗಾರರು ಅನ್ನುವ ಜಂಬ ಇಳಿಯಿತು.

ಮೂರನೇ ಅರ್ಜಿ 2025ರ ಮಾರ್ಚ್ ಕೊನೆಗೆ. ಶುಲ್ಕ ಅಷ್ಟರಲ್ಲಿ 90 ಯೂರೋ ಆಗಿತ್ತು. ಕೇಂದ್ರ, ವಿಮೆ ಎಲ್ಲ ಸೇರಿ ಹನ್ನೆರಡು, ಹದಿಮೂರು ಸಾವಿರ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಜಮೆಯಾದ ಪ್ರತಿ ಸಾಲಿಗೂ ಒಂದು ನಂಬರ್ ಹಾಕಿ, ಅದೇ ನಂಬರಿನ ವಿಕ್ರಿ ಪಟ್ಟಿ ಹಿಂದೆ ಇಟ್ಟೆ. ಯಾರಾದರೂ ಅನುಮಾನದಿಂದ ಬೆರಳಿಟ್ಟರೆ ಉತ್ತರ ಅಲ್ಲೇ ಸಿಗಬೇಕು.

ವಾಪಸ್ ಬರುವ ಕಾರಣಕ್ಕೆ ಹೆಂಡತಿ, ಮಕ್ಕಳು, ಮನೆ ಅಂತ ಎಲ್ಲರೂ ಬರೆಯುತ್ತಾರೆ. ನಾನು ಕೊಳೆ ರೋಗದ ಬಗ್ಗೆ ಬರೆದೆ. ಜೂನ್ ಮೊದಲ ವಾರ ಮುಂಗಾರು, ಅದಕ್ಕೆ ಮುಂಚೆ ಅಡಿಕೆ ಗೊನೆಗಳಿಗೆ ಬೋರ್ಡೋ ಮದ್ದು ಹೊಡೆಯದಿದ್ದರೆ ವರ್ಷದ ಬೆಳೆ ಉದುರುತ್ತದೆ, ಆದ್ದರಿಂದ ಮೇ 26ರೊಳಗೆ ನಾನು ತೋಟದಲ್ಲಿ ಇರಲೇಬೇಕು ಅಂತ. ಮೈಲುತುತ್ತು, ಸುಣ್ಣದ ಆ ಮದ್ದು ಹುಟ್ಟಿದ್ದೇ ಫ್ರಾನ್ಸಿನ ಬೋರ್ಡೋ ದ್ರಾಕ್ಷಿ ತೋಟಗಳಲ್ಲಿ. ಯುರೋಪಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ! ಮೈಲುತುತ್ತು ಖರೀದಿಸಿದ ರಸೀದಿಯನ್ನೂ ಲಗತ್ತಿಸಿದೆ. ಪತ್ರದ ಕೊನೆಯ ಪ್ಯಾರಾ ಮಾತ್ರ ಇಲ್ಲಿ ಹೇಳುವುದಿಲ್ಲ. ಯಾವ ದೇಶದ ಕಾನ್ಸುಲೇಟ್ ಅಂತಲೂ ಕೇಳಬೇಡಿ. ಎಲ್ಲರೂ ಅಲ್ಲಿಗೇ ಓಡಿದರೆ ನನ್ನ ಮುಂದಿನ ಸರದಿ ಕಷ್ಟ.

ಹನ್ನೆರಡು ದಿನಕ್ಕೆ ಬಂತು. ಕೇಳಿದ್ದು ಒಂದು ಪ್ರವೇಶ, ಕೊಟ್ಟದ್ದು ಬಹುಪ್ರವೇಶ, ಅಂದರೆ ಹೊರಗೆ ಹೋದರೂ ಮತ್ತೆ ಒಳಗೆ ಬರಬಹುದು. ಅದಕ್ಕೇ ಇನ್ನೊಂದು ಪ್ರಯೋಗ ಮಾಡಿದೆ. ಸರ್ಬಿಯಾ ಷೆಂಗೆನ್ ಒಳಗಿಲ್ಲ. ಮೊದಲು ನಮ್ಮ ಪಾಸ್‌ಪೋರ್ಟಿಗೆ ವೀಸಾ ಇಲ್ಲದೆ ಹಾಗೇ ಒಳಗೆ ಬಿಡುತ್ತಿದ್ದರು, 2023ರ ಜನವರಿಯಿಂದ ನಿಂತಿತು. ಷೆಂಗೆನ್ ವೀಸಾ ಚಾಲ್ತಿಯಲ್ಲಿದ್ದರೆ ಮಾತ್ರ ಈಗಲೂ ಬಿಡುತ್ತಾರೆ. ಬುಡಾಪೆಸ್ಟಿನಿಂದ ಬೆಲ್‌ಗ್ರೇಡಿಗೆ ಬಸ್ಸು ಹತ್ತಿದೆ. ಗಡಿಯಲ್ಲಿ ಪುಟ ತಿರುವಿ, ಮುಖ ನೋಡಿ, ಮುದ್ರೆ ಒತ್ತಿದ. ಎರಡು ದಿನ ಇದ್ದು ಅಲ್ಲಿಂದಲೇ ಊರಿನ ಕಡೆ ವಿಮಾನ. ಒಂದೇ ಪ್ರವೇಶದ ವೀಸಾ ಇದ್ದವರು ಸರ್ಬಿಯಾಗೆ ಹೋಗಿ ವಾಪಸ್ ಒಳಗೆ ಬರುವ ಯೋಚನೆ ಮಾಡಬೇಡಿ, ಹೊರಗೇ ಉಳಿಯುತ್ತೀರಿ.

2024ರ ಏಪ್ರಿಲ್‌ನಲ್ಲಿ ಯುರೋಪಿಯನ್ ಒಕ್ಕೂಟ ಭಾರತದವರಿಗೆ ಅಂತಲೇ ನಿಯಮ ಸಡಿಲಿಸಿದೆ. ಮೂರು ವರ್ಷದೊಳಗೆ ಎರಡು ವೀಸಾ ಸರಿಯಾಗಿ ಬಳಸಿದ್ದರೆ ಎರಡು ವರ್ಷದ ಬಹುಪ್ರವೇಶ ವೀಸಾಕ್ಕೆ ದಾರಿ. ನನ್ನದು ಒಂದು ಆಯಿತು. ಇನ್ನೊಂದಕ್ಕೆ ವಿಕ್ರಿ ಪಟ್ಟಿ ಕೂಡಿಡುತ್ತಿದ್ದೇನೆ.

ಅಂದ ಹಾಗೆ, ಕೊಟ್ಟ ಮಾತಿನಂತೆ ಮೇ 26ಕ್ಕೆ ಮನೆ ಮುಟ್ಟಿದೆ. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದುಬಿಟ್ಟಿತ್ತು. ಶಿರಸಿಯಲ್ಲಿ ಬಸ್ಸಿಳಿಯುವಾಗಲೇ ಮಳೆ ಹೊಡೆಯುತ್ತಿತ್ತು. ಮದ್ದು ಹೊಡೆಯಲು ಒಂದು ಬಿಸಿಲು ಸಿಕ್ಕಿದ್ದು ಎಷ್ಟೋ ದಿನದ ಮೇಲೆ.